ಹಲ್ಲತ್ತೆಯ ಪ್ರಶ್ನೆಗಳು

ನಮ್ಮ ಹಲ್ಲತ್ತೆ ಯಾರನ್ನಾದರೂ ಒಂದು ಪ್ರಶ್ನೆ ಕೇಳಿದರೆ ಉತ್ತರವನ್ನೂ ತಾವೇ ಹೇಳಿಬಿಡುತ್ತಿದ್ದರು. “ಊಟ ಆಯ್ತಾ? ಆಗಿರತ್ತೆ. ಮನೇಲಿ ಎಲ್ಲ ಹೇಗಿದಾರೆ? ಚೆನ್ನಾಗೇ ಇರ್ತಾರೆ ಬಿಡು. ದೊಡ್ಡವನು ಓದ್ತಾನಾ? ಎಲ್ಲಿ ಓದ್ತಾನೆ!” ಎದುರಿಗಿದ್ದವನು ತುಟಿ ಬಿಚ್ಚುವಷ್ಟರಲ್ಲಿ ಅವನ ಕುಶಲ, ಅವನ ಸಂಸಾರ, ಅವನ ಮಗನ ಭವಿಷ್ಯ ಎಲ್ಲವೂ ತೀರ್ಮಾನವಾಗಿ, ಅತ್ತೆ ಮುಂದಿನ ವಿಷಯಕ್ಕೆ ಹೋಗಿಯಾಗಿರುತ್ತಿತ್ತು. ಇದು ಅಹಂಕಾರವಲ್ಲ, ವೃತ್ತಿಯಿಂದ ಅಂಟಿದ ಚಾಳಿ. ಹಲ್ಲಿನ ವೈದ್ಯರ ಮುಂದೆ ಕೂತವರ ಬಾಯಲ್ಲಿ ಹತ್ತಿ, ಕನ್ನಡಿ, ಕೊಕ್ಕೆ, ವೈದ್ಯರ ಎರಡು ಬೆರಳು ಇಷ್ಟೂ ತುಂಬಿರುವಾಗ ಮಾತು ಹೊರಡುವುದಾದರೂ ಹೇಗೆ? ರೋಗಿಯ ಭಯ ಕಳೆಯಲು ವೈದ್ಯರು ಏನಾದರೂ ಕೇಳುತ್ತಿರಬೇಕು, ಮೌನ ಬಿಗಿಯಾಗದಿರಲು ಉತ್ತರವನ್ನೂ ಒದಗಿಸುತ್ತಿರಬೇಕು. ವರ್ಷಗಟ್ಟಲೆ ಹೀಗೆ ಇಬ್ಬರ ಪಾಲಿನ ಮಾತನ್ನೂ ಒಬ್ಬರೇ ಆಡಿದ ಮೇಲೆ, ಬಾಯಿ ಖಾಲಿ ಇದ್ದವರ ಎದುರಿಗೂ ಅವರಿಗೆ ಕಾಯುವ ಅಭ್ಯಾಸ ತಪ್ಪಿಹೋಗಿತ್ತು.

ಇದರ ಸಂಪೂರ್ಣ ಫಲಾನುಭವಿ ನಮ್ಮ ಮಾವ. ಆತ ಸೌಮ್ಯ ಸ್ವಭಾವದ ಮನುಷ್ಯ, ಗಡಿಯಾರ ರಿಪೇರಿಯವರು. “ಇನ್ನೊಂದಿಷ್ಟು ಹಾಕಲಾ? ಬೇಡ ಅಂತೀರಿ. ಆದ್ರೂ ಹಾಕ್ತೀನಿ” ಎಂದು ಅತ್ತೆ ತಟ್ಟೆ ತುಂಬಿಸಿದರೆ ಉಣ್ಣುತ್ತಿದ್ದರು, ತುಂಬಿಸದಿದ್ದರೆ ಏಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಆತ ಒಳ್ಳೆಯ ಮಾತುಗಾರರಾಗಿದ್ದರಂತೆ. ನಾವು ಕಂಡಾಗ ಮಾತ್ರ ಅವರ ಶಬ್ದಭಂಡಾರ ಒಂದು ನಿಟ್ಟುಸಿರು ಮತ್ತು ಎರಡು ಬಗೆಯ ಹೂಂಕಾರಗಳಿಗೆ ಇಳಿದಿತ್ತು.

ಅತ್ತೆಯ ದೇಹವನ್ನೂ ಕಸುಬೇ ತಿದ್ದಿತ್ತು. ಕುರ್ಚಿಯ ಮೇಲೆ ಬಗ್ಗಿ ಬಗ್ಗಿ ಬಲಭುಜ ಒಂದಿಷ್ಟು ಇಳಿಬಿದ್ದು, ರಸ್ತೆಯಲ್ಲಿ ನಡೆಯುವಾಗ ಕಾಣದ ಯಾರದೋ ಬಾಯಿಗೆ ಇಣುಕುತ್ತ ಸಾಗಿದಂತೆ ತೋರುತ್ತಿದ್ದರು. ಅವರ ಹಲ್ಲು ಕೊರೆಯುವ ಯಂತ್ರ ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವಂಥದ್ದು. ಹಾಗಾಗಿ ಊಟಕ್ಕೆ ಕೂತಾಗಲೂ, ಮದುವೆಮನೆಯಲ್ಲಿ ಹೆಂಗಸರ ನಡುವೆ ಹರಟುವಾಗಲೂ ಅವರ ಬಲಪಾದ ತನ್ನಷ್ಟಕ್ಕೆ ತಾನು ತುಳಿಯುತ್ತಲೇ ಇರುತ್ತಿತ್ತು. ಮೈಮೇಲಿನ ಬಿಳಿ ಕೋಟು ಗಂಡಸರ ಅಳತೆಯದು. ಆ ಕಾಲಕ್ಕೆ ಹೆಂಗಸು ಡಾಕ್ಟರಿಗೆಂದು ಕೋಟು ಹೊಲಿಯುವ ದರ್ಜಿ ಸಿಕ್ಕಿರಲಿಲ್ಲ. ತೋಳನ್ನು ಮೊಣಕೈವರೆಗೆ ಮಡಿಚಿ ಹಾಕಿಕೊಳ್ಳುತ್ತಿದ್ದ ಆ ಕೋಟಿನಿಂದ ಲವಂಗದೆಣ್ಣೆಯ ವಾಸನೆ ಬರುತ್ತಿತ್ತು. ಇವತ್ತಿಗೂ ಎಲ್ಲಾದರೂ ಲವಂಗದ ಘಾಟು ಮೂಗಿಗೆ ಬಡಿದರೆ ನನ್ನ ಬಾಯಿ ಅಪ್ರಯತ್ನವಾಗಿ ತೆರೆದುಕೊಳ್ಳುತ್ತದೆ. ಮುಖಗಳು ಅವರಿಗೆ ನೆನಪಿರುತ್ತಿರಲಿಲ್ಲ. “ಯಾರು, ಆ ಕೋರೆಹಲ್ಲು ಸೊಟ್ಟ ಇರೋನಾ? ಅವನಿಗೆ ಮದುವೆ ಆಯ್ತಾ? ಆಗ್ಲೇಬೇಕಿತ್ತು ಬಿಡು” ಎಂದು ನೆಂಟರನ್ನು ಗುರುತಿಸುತ್ತಿದ್ದರು. ಅತ್ತೆ ಕೆಲಸ ಮುಗಿಸಿ ಮನೆಗೆ ಬಂದರೆ, ಎಲ್ಲಿ ಹಲ್ಲು ನೋಡಿಯಾರೋ ಎಂದು ನಾವು ಮಕ್ಕಳು ತುಟಿ ಬಿಗಿದು ಮಂಚದ ಕೆಳಗೆ ಸೇರುತ್ತಿದ್ದೆವು.

ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಅವರ ದವಾಖಾನೆ. ಮರದ ಮೆಟ್ಟಿಲು, ಒಂದು ಉದ್ದ ಬೆಂಚು, ಬೀದಿಯತ್ತ ತೆರೆದ ಕಿಟಕಿ, ಕಿಟಕಿಯ ಬೆಳಕಿಗೆ ಮುಖ ಮಾಡಿದ ಕುರ್ಚಿ. ವಾರದಲ್ಲಿ ಒಂದು ದಿನ ಬಡವರಿಗೆ ಬಿಟ್ಟಿ ಚಿಕಿತ್ಸೆ. ಆ ದಿನ ಮೆಟ್ಟಿಲ ತುದಿಯವರೆಗೂ ಜನ. ಅತ್ತೆ ಅವರ ಹಲ್ಲು ಕಿತ್ತು, ಕೈಗೊಂದು ಬ್ರಷ್ಷು ಕೊಟ್ಟು, ಜೊತೆಗೊಂದು ಉಪದೇಶವನ್ನೂ ಧಾರಾಳವಾಗಿ ದಯಪಾಲಿಸುತ್ತಿದ್ದರು. ಬಡತನದ ಬಗ್ಗೆ ಅವರಿಗೊಂದು ಸಿದ್ಧಾಂತವಿತ್ತು. ಬಡವರ ಹಲ್ಲು ಹಾಳಾಗುವುದು ಅಜ್ಞಾನದಿಂದ, ಅಜ್ಞಾನ ಉಳಿಯುವುದು ಆಲಸ್ಯದಿಂದ, ಆಲಸ್ಯವನ್ನು ಬೈದು ಬಿಡಿಸಬೇಕು. ಉಳ್ಳವರು ಹಲ್ಲು ಉಳಿಸಿಕೊಳ್ಳಲು ಬರುತ್ತಾರೆ, ಇಲ್ಲದವರು ಕೀಳಿಸಿಕೊಳ್ಳಲು ಬರುತ್ತಾರೆ ಎನ್ನುವುದನ್ನು ಅವರು ದಿನವೂ ಕಣ್ಣಾರೆ ಕಾಣುತ್ತಿದ್ದರು. ಏಕೆ ಹಾಗೆ ಎಂದು ಕೇಳಿಯೂ ಇದ್ದರು. ಆದರೆ ಉತ್ತರವನ್ನೂ ವಾಡಿಕೆಯಂತೆ ತಾವೇ ಹೇಳಿಕೊಂಡಿದ್ದರು.

ಅಂಥ ಒಂದು ದಿನ ಲಾಂಡ್ರಿಯ ಹೆಂಗಸೊಬ್ಬಳು ಬಂದಳು. ಊರ ಹೋಟೆಲುಗಳ ಹಾಸುಹೊದಿಕೆಗಳನ್ನೆಲ್ಲ ಒಗೆಯುವ ದೊಡ್ಡ ಲಾಂಡ್ರಿ ಅದು. ಬಿಸಿನೀರಿನಲ್ಲಿ ನೆನೆದು ನೆನೆದು ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಕೆನ್ನೆ ಊದಿತ್ತು. ಮಾತಾಡುವಾಗಲೆಲ್ಲ ಅಂಗೈ ತಾನಾಗಿ ಬಾಯಿಗೆ ಅಡ್ಡ ಬರುತ್ತಿತ್ತು.

“ಈ ಮುಂದಿನ ಹಲ್ಲು ಕಿತ್ತುಬಿಡಿ ಡಾಕ್ಟ್ರೇ.”

ಅತ್ತೆ ಬಾಯಿಗೆ ಹತ್ತಿ ತುರುಕಿ, ಕನ್ನಡಿ ಹಿಡಿದು ನೋಡಿದರು. ಹಲ್ಲು ಹುಳುಕಾಗಿತ್ತು, ಬೇರು ಗಟ್ಟಿಯಾಗಿತ್ತು. “ಕೀಳಬೇಕಾ? ಬೇಡ. ಉಳಿಸಬಹುದು. ನಾಲ್ಕು ಸಲ ಬರಬೇಕಾಗತ್ತೆ, ಬರ್ತೀಯಾ? ಬರಲ್ಲ. ನಿಮ್ಮವರು ಯಾರೂ ಬರಲ್ಲ. ಸಿಹಿ ತಿಂತೀಯಾ? ತಿಂತೀಯ, ನೋಡಿದ್ರೇ ಗೊತ್ತಾಗತ್ತೆ. ನಾಲಿಗೆ ಚಪಲ. ರಾತ್ರಿ ಹಲ್ಲುಜ್ಜಿ ಮಲಗ್ತೀಯಾ? ಇಲ್ಲ. ಸೋಮಾರಿತನ.”

ಆ ಹೆಂಗಸು ಅತ್ತೆಯ ಮಣಿಕಟ್ಟನ್ನು ಹಿಡಿದಳು. ಮೆಲ್ಲಗೆ ಕನ್ನಡಿಯನ್ನು ಬಾಯಿಂದ ಹೊರತೆಗೆದು ತಟ್ಟೆಯಲ್ಲಿಟ್ಟಳು, ಹತ್ತಿಯನ್ನು ಒಂದೊಂದಾಗಿ ಆರಿಸಿ ತೆಗೆದಳು, ಎದ್ದು ನೆಟ್ಟಗೆ ಕೂತಳು.

“ನೀವು ಕೇಳಿದ್ದು ನನ್ನನ್ನ ತಾನೆ? ಹಾಗಾದ್ರೆ ನಾನೇ ಹೇಳ್ತೀನಿ. ಸಿಹಿ ತಿಂತೀನಿ. ಪೆಪ್ಪರ್‌ಮಿಂಟು. ಬೆಳಗಾಗ್ತಿದ್ದ ಹಾಗೇ ಕೆಲಸಕ್ಕೆ ನಿಂತ್ರೆ ಮಧ್ಯಾಹ್ನದವರೆಗೂ ಕೂರೋ ಹಾಗಿಲ್ಲ, ಏನೂ ತಿನ್ನೋ ಹಾಗಿಲ್ಲ. ಬಾಯಲ್ಲೊಂದು ಪೆಪ್ಪರ್‌ಮಿಂಟು ಇಟ್ಕೊಂಡ್ರೆ ಹೊಟ್ಟೆ ಸುಮ್ಮನಿರತ್ತೆ. ಅದು ಚಪಲ ಅಲ್ಲ ಡಾಕ್ಟ್ರೇ, ಅದು ನಮ್ಮ ತಿಂಡಿ. ನಾಲ್ಕು ಸಲ ಬರೋಕೆ ನಂಗೂ ಆಸೆನೇ. ನೀವು ಬಾಗಿಲು ತೆಗೆಯೋ ಹೊತ್ತಿಗೆ ನಾನು ಅಲ್ಲಿ ಆವಿ ಮಧ್ಯೆ ಇರ್ತೀನಿ, ನಾನು ಹೊರಗೆ ಬರೋ ಹೊತ್ತಿಗೆ ನೀವು ಬಾಗಿಲು ಹಾಕಿರ್ತೀರಿ. ಇವತ್ತು ನೋವು ತಡೀಲಾರದೆ ಕೆಲಸ ಬಿಟ್ಟು ಬಂದೆ. ಇನ್ನೊಂದು ಸಲ ಬಿಟ್ರೆ ನನ್ನ ಜಾಗದಲ್ಲಿ ಬೇರೆಯವಳು ನಿಂತಿರ್ತಾಳೆ. ಅದಕ್ಕೇ ಕೀಳಿ ಅಂದಿದ್ದು.” ನಗು ಬಂದು, ಅಂಗೈ ಅಡ್ಡ ಹಿಡಿದುಕೊಂಡು ಮುಗಿಸಿದಳು: “ರಾತ್ರಿ ಹಲ್ಲುಜ್ಜದೆ ಮಲಗೋದು ಮಾತ್ರ ನಿಜ. ಅದು ಸೋಮಾರಿತನನೇ ಇರಬಹುದು.”

ಅತ್ತೆಯ ಬಲಪಾದ ನಿಂತುಹೋಯಿತು. ಮುಂದೆ ಅವರು ಈ ಪ್ರಸಂಗವನ್ನು ನಮಗೆ ಅದೆಷ್ಟೋ ಸಲ ಹೇಳಿದ್ದಾರೆ, ಆದರೆ ಪ್ರತಿ ಸಲವೂ ಇಲ್ಲಿಗೆ ಬಂದಾಗ ಕೋಟಿನ ಗುಂಡಿಯನ್ನು ತಿರುಗಿಸುತ್ತಿದ್ದರು. ಬೆಂಚಿನ ಮೇಲಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. “ನೀನು ಬೆಳಿಗ್ಗೆ ಕೆಲಸಕ್ಕೆ ಹೊರಡೋದು ಎಷ್ಟು ಹೊತ್ತಿಗೆ?” ಎಂದರು. ಎಂದವರು, ಬಹುಕಾಲದ ಮೇಲೆ, ಬಾಯಿ ಮುಚ್ಚಿಕೊಂಡು ಉತ್ತರಕ್ಕೆ ಕಾದರು.

ಹಲ್ಲು ಕೀಳಲಿಲ್ಲ. ನೋವಿಗೆ ಔಷಧವಿಟ್ಟು ಕಳಿಸಿ, ಮರುದಿನ ಕತ್ತಲು ಪೂರ್ತಿ ಸರಿಯುವ ಮುನ್ನವೇ ದವಾಖಾನೆಯ ಬಾಗಿಲು ತೆಗೆದರು. ಕಿಟಕಿಯಲ್ಲಿ ಇನ್ನೂ ಬೆಳಕಿರಲಿಲ್ಲವಾಗಿ ಮಾವನನ್ನು ಹಾಸಿಗೆಯಿಂದ ಎಬ್ಬಿಸಿ ಕರೆತಂದಿದ್ದರು. ಕಣ್ಣಿಗೆ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡು ಸೂಕ್ಷ್ಮ ಕೆಲಸ ಮಾಡಿ ಅಭ್ಯಾಸವಿದ್ದ ಮಾವ ಬ್ಯಾಟರಿ ಹಿಡಿದು, ಕೈ ಒಂದಿಷ್ಟೂ ಅಲುಗಿಸದೆ ನಿಂತರು. ಹಲ್ಲಿನ ನರ ತೆಗೆದು, ಶುದ್ಧಿ ಮಾಡಿ, ಔಷಧ ತುಂಬಿ, ಕೊನೆಗೆ ಸಿಮೆಂಟು ಕೂರಿಸುವವರೆಗೂ ಆ ಮುಂಜಾವುಗಳು ನಡೆದವು. ಅವಳು ಒಮ್ಮೆಯೂ ತಪ್ಪಿಸಲಿಲ್ಲ. ಲಾಂಡ್ರಿಯ ಮುಂಭಾಗದಲ್ಲಿ ಗಿರಾಕಿಗಳಿಂದ ಬಟ್ಟೆ ತೆಗೆದುಕೊಳ್ಳುವ ಕೌಂಟರಿನ ಜಾಗ ಖಾಲಿಯಾಗಲಿದೆ ಎಂದೂ, ಅಲ್ಲಿ ಕೂರಲು ಕುರ್ಚಿ ಇದೆ ಎಂದೂ, ಆದರೆ ಮಾಲೀಕರಿಗೆ ನಗುಮುಖದವರೇ ಬೇಕಂತೆ ಎಂದೂ ಅವಳು ಹೇಳಿದ್ದು ಆಗಲೇ. ಅತ್ತೆಗೆ ಛಲ ಹತ್ತಿತು. ಆ ಹಲ್ಲನ್ನು ಅವರು ಅದೆಷ್ಟು ಜತನದಿಂದ ತಿಕ್ಕಿ ಹೊಳಪು ಕೊಟ್ಟರೆಂದರೆ ತಮ್ಮ ಮಗಳನ್ನು ವಧುಪರೀಕ್ಷೆಗೆ ಸಿಂಗರಿಸಿದ್ದಾಗಲೂ ಅಷ್ಟು ಶ್ರದ್ಧೆ ವಹಿಸಿರಲಿಲ್ಲ ಎಂದು ಮಾವ ಎಷ್ಟೋ ವರ್ಷಗಳ ಮೇಲೆ ನೆನೆಸಿಕೊಂಡರು.

ಆ ಕೆಲಸ ಅವಳಿಗೆ ಸಿಗಲಿಲ್ಲ. ಮಾಲೀಕರು ತಮ್ಮ ಪರಿಚಯದವರ ಹುಡುಗಿಯೊಬ್ಬಳನ್ನು ತಂದು ಕೂರಿಸಿದರು. ಅದನ್ನು ಹೇಳಲು ಅವಳು ಒಂದು ಮುಂಜಾನೆ ಬಂದಾಗ ಅತ್ತೆ ರೋಗಿಯ ಕುರ್ಚಿಯಲ್ಲಿ ತಾವೇ ಕೂತುಬಿಟ್ಟರಂತೆ. ಒಂದು ಹಲ್ಲು ಉಳಿಸಿದರೆ ಒಂದು ಬಾಳು ಮೇಲಕ್ಕೆ ಏರುತ್ತದೆ ಎಂದು ಅವರು ತಮಗರಿವಿಲ್ಲದೆಯೇ ನಂಬಿಬಿಟ್ಟಿದ್ದರು. “ಎಲ್ಲ ವ್ಯರ್ಥ ಆಯ್ತಲ್ಲೇ” ಎಂದರು.

ಸಮಾಧಾನ ಮಾಡುವ ಪಾಳಿ ಅವಳದಾಯಿತು. “ಅಯ್ಯೋ, ಆ ಕೆಲಸ ಹೋದ್ರೆ ಹೋಯ್ತು ಡಾಕ್ಟ್ರೇ. ಹಲ್ಲು ನಂದೇ ಅಲ್ವಾ?” ಎಂದು ನಕ್ಕಳು. ಅಂಗೈ ಮಡಿಲಲ್ಲೇ ಇತ್ತು. ನರ ಸತ್ತ ಆ ಹಲ್ಲು ಅಕ್ಕಪಕ್ಕದವುಗಳಿಗಿಂತ ಒಂದಿಷ್ಟು ಮಂಕಾಗಿತ್ತಾದರೂ ನಗೆಗೇನೂ ಕೊರತೆಯಿರಲಿಲ್ಲ.

ಆಮೇಲೆ ಅತ್ತೆ ಲಾಂಡ್ರಿಯನ್ನು ನೋಡಲು ಹೋದರು. ಹೊದಿಕೆ ಒಗೆಯಲು ಕೊಡುವ ನೆಪ ಮಾಡಿಕೊಂಡು ಹಿಂದಿನ ಶೆಡ್ಡಿನವರೆಗೂ ನುಗ್ಗಿದರು. ಆವಿಯಲ್ಲಿ ಮುಖಗಳೇ ಕಾಣವು. ಸಾಲಾಗಿ ನಿಂತ ಹೆಂಗಸರು, ಯಾರ ಯಾರೋ ಮಲಗೆದ್ದ ಬಿಳಿ ಹಾಸುಗಳನ್ನು ಇಬ್ಬಿಬ್ಬರಾಗಿ ಹಿಂಡುತ್ತಿದ್ದಾರೆ. ಹತ್ತಿರ ಹೋದರೆ ಒಬ್ಬೊಬ್ಬರ ಕೆನ್ನೆಯಲ್ಲೂ ಪೆಪ್ಪರ್‌ಮಿಂಟಿನ ಒಂದು ಸಣ್ಣ ಉಬ್ಬು. ಆ ಉಬ್ಬುಗಳ ಸಾಲನ್ನು ನೋಡಿ ಬಂದ ದಿನ ಅತ್ತೆ ಮನೆಯಲ್ಲಿ ಊಟ ಬಡಿಸಿ, ತಾವು ಮಾತ್ರ ಉಣ್ಣದೆ ಎದ್ದರು.

ವಿಧಿಯ ವಿನೋದವೋ ಏನೋ, ಲಾಂಡ್ರಿಯ ಮಾಲೀಕರೂ ಅತ್ತೆಯ ಗಿರಾಕಿಯೇ. ದವಡೆಹಲ್ಲಿಗೆ ಚಿನ್ನದ ಟೊಪ್ಪಿ ಹಾಕಿಸಿಕೊಳ್ಳಲು ಬಂದರು. ಬೆಂಚಿನ ಮೇಲೆ ಕೂಲಿಯವರ ಪಕ್ಕ ಕಾಯಬೇಕಾಯಿತೆಂದು ಮುಖ ಗಂಟಿಕ್ಕಿಕೊಂಡೇ ಕುರ್ಚಿ ಏರಿದರು. ಅತ್ತೆ ಅವರ ಬಾಯಿಗೆ ಹತ್ತಿಯನ್ನು ಅಗತ್ಯಕ್ಕಿಂತ ತುಸು ಹೆಚ್ಚಾಗಿಯೇ ತುರುಕಿ ಕೊರೆಯುವ ಸೂಜಿಯನ್ನು ಎತ್ತಿ ಹಿಡಿದರು. “ಬೆಳಗಿನ ಹೊತ್ತು ಆ ಹೆಂಗಸರಿಗೆ ಕೂತು ತಿನ್ನೋಕೆ ಅರ್ಧ ಗಂಟೆ ಬಿಡುವು ಕೊಡ್ತೀರಾ? ಕೊಡ್ತೀರಿ. ನಷ್ಟ ಆಗತ್ತಾ? ಏನೂ ಆಗಲ್ಲ. ಯಾವತ್ತಿಂದ? ನಾಳೆಯಿಂದ. ನೀವು ದೊಡ್ಡ ಮನಸ್ಸಿನವರು ಅಂತ ನಂಗೆ ಗೊತ್ತಿತ್ತು.” ಮಾಲೀಕರ ಗಂಟಲಿನಿಂದ ಹೊರಟ ಧ್ವನಿಯನ್ನು ಅತ್ತೆ ಸಮ್ಮತಿಯೆಂದೇ ಭಾವಿಸಿ, ಬೆಂಚಿನವರ ಕಡೆ ತಿರುಗಿ, “ಒಪ್ಪಿದಾರೆ, ಕೇಳಿದ್ರಲ್ಲ?” ಎಂದರು. ಎಲ್ಲರಿಗೂ ಕೇಳಿಸಿತ್ತು.

ಅರ್ಧ ಗಂಟೆ ದಕ್ಕಲಿಲ್ಲ. ಕಾಲು ಗಂಟೆ ದಕ್ಕಿತು. ಮಾಲೀಕರು ಮುಂದೆ ತಮ್ಮ ಇಡೀ ಬಂಧುವರ್ಗದೊಡನೆ ಕರೆಂಟಿನ ಯಂತ್ರವಿದ್ದ ಬೇರೆ ಡಾಕ್ಟರರ ಬಳಿ ಹೋದರು. ಅವರ ಹಿಂದೆ ಇನ್ನೂ ಕೆಲವು ದೊಡ್ಡ ಮನೆಗಳವರು ಹೋದರು. ದವಾಖಾನೆಗೆ ಬಣ್ಣ ಹೊಡೆಸುವ ಮಾತು ನಿಂತಿತು. ಮುಂಜಾವಿನ ಬಾಗಿಲು ಮಾತ್ರ ಮುಚ್ಚಲಿಲ್ಲ. ಲಾಂಡ್ರಿಯವರು, ಗಾರೆಯವರು, ರಸ್ತೆ ಗುಡಿಸುವವರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಹತ್ತಿ ಬರುವ ಮೆಟ್ಟಿಲಾಯಿತು ಅದು. ಉಪದೇಶ ನಿಂತಿತು, ಬ್ರಷ್ಷು ಉಳಿಯಿತು.

ಮನೆಯಲ್ಲೂ ಅತ್ತೆ ಪ್ರಶ್ನೆ ಕೇಳಿ ಕಾಯುವುದನ್ನು ಕಲಿತರು. ಇದರಿಂದ ಅತಿ ಹೆಚ್ಚು ಕಂಗಾಲಾದವರು ಮಾವ. “ಇನ್ನೊಂದಿಷ್ಟು ಹಾಕಲಾ?” ಎಂದು ಅತ್ತೆ ಸೌಟು ಹಿಡಿದು ನಿಂತರೆ, ಅಭ್ಯಾಸ ತಪ್ಪಿದ ಆ ಮನುಷ್ಯ ಪರೀಕ್ಷೆಯಲ್ಲಿ ಪಾಠ ಮರೆತವರಂತೆ ಬೆವೆತು, “ಏನು ಹೇಳ್ಲಿ ಅಂತೀಯಾ?” ಎನ್ನುತ್ತಿದ್ದರು. ನಾವು ಮಂಚದ ಕೆಳಗಿನಿಂದ ನಗುತ್ತಿದ್ದೆವು. ಆ ಮಂಚ, ಆ ಸೌಟಿನ ಸದ್ದು, ಆ ಲವಂಗದ ಕೋಟು ಯಾವುದೂ ಈಗ ಇಲ್ಲ. ದವಾಖಾನೆಯಿದ್ದ ಮಹಡಿಯಲ್ಲಿ ಈಗ ಗಾಜಿನ ಬಾಗಿಲ ಆಫೀಸೊಂದು ಬಂದಿದೆ.

ಅತ್ತೆಯನ್ನು ಕರುಣಾಮಯಿ ಎಂದು ಹೊಗಳುವವರನ್ನು ಕಂಡರೆ ನನಗೆ ಸಣ್ಣ ತಕರಾರಿದೆ. ಕರುಣೆ ಅವರಲ್ಲಿ ಮೊದಲಿಂದಲೂ ಇತ್ತು. ಅದರಿಂದ ಅವರು ಹಲ್ಲು ಕಿತ್ತು ಬೈದು ಕಳಿಸುತ್ತಿದ್ದರು. ಕರುಣೆಗೆ ನಮ್ಮ ಸಮಾಜದಲ್ಲಿ ಬರವಿಲ್ಲ. ಉಳ್ಳವರು ಇಲ್ಲದವರಿಗೆ ಕೊಡುತ್ತಲೇ ಬಂದಿದ್ದಾರೆ, ಅವರ ಬಡತನಕ್ಕೆ ಕಾರಣವನ್ನೂ ಜೊತೆಗೆ ಕಟ್ಟಿ ಕೊಡುತ್ತ ಬಂದಿದ್ದಾರೆ. ವಿರಳವಾಗಿರುವವರು ಇನ್ನೊಂದು ಜಾತಿಯ ಮನುಷ್ಯರು: ತಾವು ಬಲ್ಲೆವೆಂದುಕೊಂಡಿದ್ದ ಬಾಳೊಂದು ಎದ್ದು ಕೂತು ತನ್ನ ಕಥೆಯನ್ನು ತಾನೇ ಹೇಳತೊಡಗಿದಾಗ, ಮಾನಹೋಯಿತೆಂದು ಮುನಿಯದೆ, ಹತ್ತಿರಕ್ಕೆ ಕುರ್ಚಿ ಎಳೆದುಕೊಳ್ಳುವವರು. ಅವರಿಂದ ಲೋಕದ ಮೇಲು ಕೀಳು ಅಳಿಯುವುದಿಲ್ಲ. ಬಹಳವೆಂದರೆ ಒಂದು ಶೆಡ್ಡಿನಲ್ಲಿ ಕಾಲು ಗಂಟೆ ಹುಟ್ಟುತ್ತದೆ. ಆದರೆ ಆ ಕಾಲು ಗಂಟೆಯಲ್ಲಿ ಕೆಲವು ಹೆಂಗಸರು ಕೂತು, ಬುತ್ತಿ ಬಿಚ್ಚಿ, ಹಲ್ಲಿನಿಂದ ಅಗಿಯುವಂಥದ್ದನ್ನು ತಿನ್ನುತ್ತಾರೆ.