ಆರನೇ ಟೇಬಲ್ಲಿನ ಇದ್ದಿಲೊಲೆ

ನಾನು ಒಂದು ಇದ್ದಿಲೊಲೆ. ಒಲೆ ಎಂದ ಕೂಡಲೇ ಅಡುಗೆಮನೆಯ ಮೂಲೆಯ ಮಣ್ಣಿನ ಒಲೆಯನ್ನು ನೆನೆಸಿಕೊಳ್ಳಬೇಡಿ. ನಾನು ಕಬ್ಬಿಣದ ಜಾತಿ. ಉದ್ದ ಒಂದು ಮೊಳ, ಅಗಲ ಒಂದು ಗೇಣು, ಮೈ ದಪ್ಪ, ಮಾತು ಒರಟು. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಮಾಬೂಸಾಬ ಎಂಬ ಮುದುಕ ನನ್ನನ್ನು ಹುಟ್ಟಿಸಿದ. ತಗಡು ತೆಳುವಾದರೆ ಬೆಂಕಿಗೆ ಸೊಟ್ಟಗಾಗುತ್ತದೆ ಎಂದು ಹಳೆಯ ಲಾರಿಯ ದಪ್ಪ ತಗಡನ್ನೇ ಹುಡುಕಿ ತಂದು ಕತ್ತರಿಸಿದ. ಕೊನೆಯ ಬೆಸುಗೆ ಆರಿದ ಮೇಲೆ ನನ್ನ ಬೆನ್ನು ತಟ್ಟಿ, "ಹೋಗಪಾ, ಬೆಂಕಿ ತಿಂದು ಬದುಕು" ಎಂದ. ಹುಟ್ಟಿದ ದಿನವೇ ಇಂಥ ಆಶೀರ್ವಾದ ಸಿಕ್ಕರೆ ಯಾರಿಗೆ ತಾನೇ ಹೆಮ್ಮೆಯಾಗುವುದಿಲ್ಲ? ನನಗೂ ಆಯಿತು. ಆ ಹೆಮ್ಮೆ ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ನನ್ನನ್ನೂ ನನ್ನ ಒಡಹುಟ್ಟಿದವರನ್ನೂ ಕೊಂಡವನು ಸಂಗಮೇಶ ಸಾವ್ಕಾರ. ಅದೇ ಊರಿನ ಬೈಪಾಸ್ ರಸ್ತೆಯ ಪಕ್ಕದಲ್ಲಿ ಅವನು ಹೊಸದಾಗಿ ಒಂದು ಬಾರ್ಬೆಕ್ಯು ಹೋಟೆಲು ತೆರೆದಿದ್ದ. ಹೋಟೆಲಿನ ಜೊತೆಗೇ ಸ್ಪೋರ್ಟ್ಸ್ ಬಾರು. ಗೋಡೆಗೊಂದು ದೊಡ್ಡ ಟಿವಿ, ವೇಟರುಗಳಿಗೆ ಆಟಗಾರರ ಜರ್ಸಿ, ಕೈತೊಳೆಯುವ ಜಾಗದಲ್ಲೂ ಒಂದು ಬ್ಯಾಟು ತೂಗುಹಾಕಿದ್ದರು. ಪ್ರತಿ ಟೇಬಲ್ಲಿನ ನಡುವೆ ಒಂದು ಕಂಡಿ ಕೊರೆದು ಅದರೊಳಗೆ ನಮ್ಮಲ್ಲಿ ಒಬ್ಬೊಬ್ಬರನ್ನು ಕೂರಿಸಿದರು. ನನ್ನ ಪಾಲಿಗೆ ಬಂದದ್ದು ಆರನೇ ಟೇಬಲ್ಲು. ಅಂದಿನಿಂದ ಮನುಷ್ಯರನ್ನು ನಾನು ನೋಡಿದ್ದೆಲ್ಲ ಗದ್ದದ ಕೆಳಗಿನಿಂದ. ಮುಖ ಏನೇ ಹೇಳಲಿ, ತುತ್ತು ಇಳಿಯಿತೋ ಇಲ್ಲವೋ ಎಂಬುದು ಗಂಟಲಿನಲ್ಲಿ ಕಾಣುತ್ತದೆ.

ಗಿರಾಕಿಗಳು ತಮ್ಮೆದುರಿಗೇ ಮಾಂಸ ಸುಟ್ಟುಕೊಂಡು ತಿನ್ನಬೇಕು, ಅದೇ ಇಲ್ಲಿಯ ವಿಶೇಷ ಎಂದು ಬೋರ್ಡಿನಲ್ಲಿ ಬರೆದಿತ್ತು. ನಡೆಯುತ್ತಿದ್ದುದು ಬೇರೆ. ಇದ್ದಿಲು ಉಳಿಸುವುದರಲ್ಲಿ ಸಾವ್ಕಾರನದು ಎತ್ತಿದ ಕೈ. ನನ್ನ ಹೊಟ್ಟೆಗೆ ನಾಲ್ಕು ಕೆಂಡ ಹಾಕಿ ಮೇಲೆ ಬೂದಿ ಮುಚ್ಚುತ್ತಿದ್ದರು. ಮಾಂಸವನ್ನು ಒಳಗೆ ಅಡುಗೆಮನೆಯಲ್ಲಿ ಅರ್ಧಂಬರ್ಧ ಬೇಯಿಸಿ, ಕಂಬಿಗೆ ಚುಚ್ಚಿ ತಂದು ನನ್ನ ಮೇಲೆ ಇಡುತ್ತಿದ್ದರು. ಅದು ನನ್ನ ಮೇಲೆ ಬೇಯುತ್ತಿರಲಿಲ್ಲ, ಸುಮ್ಮನೆ ಮಲಗಿರುತ್ತಿತ್ತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುತ್ತಾರಲ್ಲ, ಹಾಗಿತ್ತು ನನ್ನ ಬಾಳು. ಬಂದವರು ಒಂದು ತುಂಡು ಬಾಯಿಗಿಟ್ಟು, ಮುಖ ಕಿವುಚಿ, ಟಿವಿ ನೋಡುತ್ತ ಕೂರುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು.

ಟೇಬಲ್ಲಿನ ಮೇಲೆ ನನ್ನ ಪಕ್ಕದಲ್ಲಿ ಒಂದು ಪುಟ್ಟ ಬಾವುಟ ಇರುತ್ತಿತ್ತು. ಅದರ ಲೆಕ್ಕ ಸರಳ. ಬಾವುಟ ನಿಂತಿದ್ದರೆ ವೇಟರು ಕಂಬಿಯ ಮೇಲೆ ಕಂಬಿ ತರುತ್ತಲೇ ಇರಬೇಕು. ಮಲಗಿಸಿದರೆ ಹೊಟ್ಟೆ ತುಂಬಿತು, ಸಾಕು ಎಂದು ಅರ್ಥ. ಇದನ್ನು ಗೊತ್ತಿಲ್ಲದವರಿಗೆ ತಿಳಿಸಿ ಹೇಳಬೇಕಾದದ್ದು ವೇಟರನ ಕೆಲಸ. ಮ್ಯಾಚು ಇದ್ದ ದಿನ ಯಾವ ವೇಟರೂ ಆ ಕೆಲಸ ಮಾಡುತ್ತಿರಲಿಲ್ಲ.

ಅಂಥ ಒಂದು ಮ್ಯಾಚಿನ ಭಾನುವಾರ ಮಧ್ಯಾಹ್ನ ಗದಗಿನಿಂದ ಫಕೀರಪ್ಪ ತನ್ನ ಮಗಳು ಕಸ್ತೂರಿಯನ್ನು ಕರೆದುಕೊಂಡು ಬಂದ. ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿ. ಗದಗಿನಲ್ಲಿ ಅವನದೊಂದು ಖಾನಾವಳಿ. ಜೋಳದ ರೊಟ್ಟಿ, ಮಟನ್ ಸಾರು, ಬೋಟಿ. ಹೆಂಡತಿ ತೀರಿಹೋದ ಮೇಲೆ ಅಲ್ಲಿಯ ಒಲೆ ನೋಡಿಕೊಳ್ಳುತ್ತಿದ್ದವಳು ಕಸ್ತೂರಿ. ಮೂವತ್ತು ದಾಟಿದ್ದಳು. ನೋಡಲು ಬಂದವರೆಲ್ಲ ಖಾನಾವಳಿಯವರ ಮಗಳು ಎಂದು ಮೂಗು ಮುರಿದು ಹೋಗಿದ್ದರು. ಇದು ಹೊಸ ಸಂಬಂಧ. ನೆಂಟಸ್ತನ ಗಟ್ಟಿಯಾಗುವ ಮೊದಲು ಬೀಗರ ಮನೆಯಲ್ಲಿ ಉಣ್ಣಬಾರದು ಎಂಬುದು ಫಕೀರಪ್ಪನ ಮನೆತನದ ಪದ್ಧತಿ. ಹೋಟೆಲು ಯಾರ ಮನೆಯೂ ಅಲ್ಲವಲ್ಲ, ಅಲ್ಲೇ ಉಂಡು ಮಾತಾಡೋಣ ಎಂದು ಗಂಡಿನ ಕಡೆಯವರು ಹೇಳಿಕಳಿಸಿದ್ದರು. ಈ ಹೋಟೆಲನ್ನು ಆರಿಸಿದವನು ಗಂಡು.

ಅವರಿನ್ನೂ ಬಂದಿರಲಿಲ್ಲ. ಫಕೀರಪ್ಪ ಮಗಳ ಕಡೆ ಬಗ್ಗಿ, "ಈ ಸಲ ಹೆಂಗರ ಮಾಡಿ ಕೂಡಿ ಬರಬೇಕವ್ವಾ. ನಾ ಗಟ್ಟಿ ಇದ್ದಾಗ ನಿನ್ನ ಒಂದು ದಡಾ ಮುಟ್ಟಸಬೇಕು" ಎಂದ.

"ಮೊದ್ಲ ಅವರು ಬರ್ಲಿ ತಡಿಯಪ್ಪಾ" ಎಂದಳು ಕಸ್ತೂರಿ.

ಅವನ ಕಣ್ಣು ಬಾವುಟದ ಮೇಲೆ ಬಿತ್ತು. ಬೀಗರು ಕೂರುವ ಜಾಗಕ್ಕೆ ಎದುರಾಗಿ, ಅವರ ಮುಖಕ್ಕೆ ಅಡ್ಡವಾಗಿ ನಿಂತಿತ್ತು ಅದು. ಮರ್ಯಾದೆಯ ಮನುಷ್ಯ. ಎರಡೂ ಕೈಯಿಂದ ಅದನ್ನು ಮೆಲ್ಲಗೆ ಮಲಗಿಸಿದ. ಅಯ್ಯೋ ಮಾರಾಯ, ಅದನ್ನು ಮುಟ್ಟಬೇಡ ಎಂದು ಹೇಳಲು ನನಗೆ ಬಾಯಿಲ್ಲ.

ಗಂಡು ಬಂದ, ವೀರೇಶ. ಜೊತೆಗೆ ತಾಯಿ ಸುಮಿತ್ರಾಬಾಯಿ. ವೀರೇಶ ದೊಡ್ಡ ಟಿವಿಗೆ ನೇರವಾಗಿ ಕುರ್ಚಿ ಎಳೆದುಕೊಂಡ. ಕಸ್ತೂರಿ ಅವನ ಎದುರಿಗೇ ಇದ್ದಳು. ಅವನ ನೋಟ ಅವಳ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ನಮಸ್ಕಾರ, ಕ್ಷೇಮಸಮಾಚಾರ ಎಲ್ಲ ಮುಗಿಯಿತು. ಊಟ ಬರಲಿಲ್ಲ. ಉಣ್ಣಲು ಕರೆದವರು ಕೇಳಲಿ ಎಂದು ಫಕೀರಪ್ಪ ಸುಮ್ಮನಿದ್ದ. ಹೆಣ್ಣಿನ ತಂದೆ ಉಪಚಾರ ಮಾಡಲಿ ಎಂದು ಸುಮಿತ್ರಾಬಾಯಿ ಸುಮ್ಮನಿದ್ದಳು. ಬಾಯಿಬಿಟ್ಟು ಕೇಳಿ ಉಣ್ಣುವುದು ಎರಡೂ ಮನೆಗಳಲ್ಲಿ ಮರ್ಯಾದೆಯಲ್ಲ. ವೇಟರು ಕಂಬಿಗಳನ್ನು ಹೊತ್ತು ನಮ್ಮ ಪಕ್ಕದಿಂದಲೇ ಹೋಗುತ್ತಿದ್ದ, ಬರುತ್ತಿದ್ದ. ಈ ಬಾವುಟದ ವಿಷಯ ವೀರೇಶನಿಗೆ ಗೊತ್ತಿರಲೇಬೇಕು, ಹಿಂದೆ ಎಷ್ಟೋ ಸಲ ಬಂದವನು. ಆದರೆ ಅವನು ಟೇಬಲ್ಲಿನ ಕಡೆ ನೋಡಿದ್ದರೆ ತಾನೇ.

ಕೊನೆಗೆ ಕಸ್ತೂರಿಯೇ ವೇಟರನ್ನು ತಡೆದಳು. "ಅಣ್ಣಾರ, ನಮಗ ಊಟ ಇಲ್ಲೇನ್ರಿ?"

"ನಿಮ್ಮದು ಆಗೇತಿ ಅಂದ್ಕೊಂಡ್ನಿ ಮೇಡಂ. ಬಾವುಟ ಮಲಗಸೀರಲ್ಲ" ಎಂದು ಅವನು ಆಗ ಎಲ್ಲ ಬಿಡಿಸಿ ಹೇಳಿದ. ಫಕೀರಪ್ಪನ ಗಂಟಲು ಕೆಂಪಗಾಯಿತು. ಬಾವುಟವನ್ನು ನಿಲ್ಲಿಸಿ, ಮತ್ತೆ ಬಿದ್ದುಗಿದ್ದೀತು ಎಂದು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತ.

ಕಂಬಿಗಳು ಬಂದವು. ಕೋಳಿ ಹೊರಗೆ ಕೆಂಪು, ಒಳಗೆ ಹಸಿ. ಮೀನಿನಲ್ಲಿ ಉಪ್ಪಿಲ್ಲ. ಪನೀರು ಹಲ್ಲಿಗೆ ರಬ್ಬರಿನ ಹಾಗೆ ಸಿಗುತ್ತಿತ್ತು. ಫಕೀರಪ್ಪ ಒಂದು ತುಂಡನ್ನು ಬಾಯೊಳಗೇ ಆಡಿಸುತ್ತ, "ಭಾಳ ಛಲೋ ಐತ್ರಿ" ಎಂದ. ಅದು ಗಂಟಲಿನಿಂದ ಇಳಿಯಲಿಲ್ಲ, ನಾನು ನೋಡುತ್ತಿದ್ದೆ.

"ಹೈಕ್ಲಾಸ್ ಹೋಟ್ಲು ಅಲ್ಲೇನ್ರಿ ಇದು. ಖಾನಾವಳಿ ಥರಾ ಅಲ್ಲ" ಎಂದಳು ಸುಮಿತ್ರಾಬಾಯಿ. "ಅಂದಂಗ, ಮದುವಿ ಆದಮ್ಯಾಲೆ ಆಕಿ ಖಾನಾವಳಿ ಕಡೆ ಹೋಗೂದು ಬ್ಯಾಡ್ರಿ ಮತ್ತ. ನಮ್ಮ ಸೊಸಿ ಒಲಿ ಮುಂದ ಕುಂತು ಮಂದಿಗೆ ಬಡಸೂದು ನಮಗ ಸೇರೂದಿಲ್ಲ."

"ಆತ್ರಿ ಅಕ್ಕಾರ. ನೀವು ಹೇಳಿದಂಗ" ಎಂದ ಫಕೀರಪ್ಪ.

ಕಸ್ತೂರಿ ತಲೆ ತಗ್ಗಿಸಿ ನನ್ನನ್ನು ನೋಡಿದಳು. ಆ ಟೇಬಲ್ಲಿಗೆ ಬಂದ ಮೇಲೆ ನನ್ನೊಳಗೆ ಇಣುಕಿದವರು ಇವಳೊಬ್ಬಳೇ. ಖಾಲಿ ಕಂಬಿ ತೆಗೆದುಕೊಂಡು ಬೂದಿ ಕೆದಕಿದಳು. ಅಡಿಯಲ್ಲಿ ಇನ್ನೂ ಜೀವವಿದ್ದ ಕೆಂಡಗಳನ್ನು ಒಂದೇ ಕಡೆ ಗುಡ್ಡೆ ಮಾಡಿದಳು. ಮೆನು ಕಾರ್ಡಿನಿಂದ ಗಾಳಿ ಹಾಕಿದಳು. ನಾನು ಕಾದೆ. ಮಾಬೂಸಾಬನ ಶೆಡ್ಡು ಬಿಟ್ಟ ಮೇಲೆ ಹಾಗೆ ಕಾದಿರಲೇ ಇಲ್ಲ. ಕೋಳಿಯನ್ನು ಅವಳು ತಿರುತಿರುಗಿಸಿ ಸುಟ್ಟಳು, ಜಿಡ್ಡು ಕೆಂಡದ ಮೇಲೆ ಬಿದ್ದು ಚುಂಯ್ ಎಂದಿತು, ಪಕ್ಕದ ಟೇಬಲ್ಲಿನವರು ವಾಸನೆಗೆ ತಿರುಗಿ ನೋಡಿದರು. ನನಗಾದ ಸಂತೋಷವನ್ನು ಏನೆಂದು ಹೇಳಲಿ.

"ಬಿಡವ್ವಾ, ಅದು ವೇಟರ್ ಕೆಲಸ" ಎಂದಳು ಸುಮಿತ್ರಾಬಾಯಿ. ಕಸ್ತೂರಿ ಮೊದಲ ತುಂಡನ್ನು ವೀರೇಶನ ತಟ್ಟೆಗೆ ಹಾಕಿದಳು. ಅವನು ಟಿವಿ ನೋಡುತ್ತಲೇ ಅದನ್ನು ಬಾಯಿಗಿಟ್ಟ, ಅಗಿದ, ನುಂಗಿದ. ಮತ್ತೊಂದಕ್ಕೆ ಕೈ ಹಾಕಿದ. ಫಕೀರಪ್ಪ ಮುಂದಕ್ಕೆ ಬಾಗಿ ಅವನ ಬಾಯನ್ನೇ ನೋಡುತ್ತಿದ್ದ. ಜೀವಮಾನವಿಡೀ ಮಂದಿ ಉಣ್ಣುವುದನ್ನು ನೋಡಿ ಬದುಕಿದವನು ಅವನು.

"ಮಾಂಸ ಹೆಂಗ ಆಗೇತ್ರಿ?" ಎಂದು ಆಸೆಯಿಂದ ಕೇಳಿದ.

"ಹಾಂ?" ಎಂದ ವೀರೇಶ. "ಯಾವ ಮಾಂಸ?"

ಅಷ್ಟರಲ್ಲಿ ಯಾರೋ ಕ್ಯಾಚು ಬಿಟ್ಟರು. ಇಡೀ ಹೋಟೆಲು ಹೋ ಎಂದಿತು. ವೀರೇಶನೂ ಎದ್ದು ನಿಂತ.

ಫಕೀರಪ್ಪ ಮಗಳ ಕಡೆ ನೋಡಿದ. ಅವಳ ಹಣೆಯ ಮೇಲೆ ಬೆವರು, ಕೈಯಲ್ಲಿ ಮಸಿ. ಸುಮಿತ್ರಾಬಾಯಿ ವೇಟರನ್ನು ಕರೆದು ಜಾಮೂನು ತರಿಸಿದಳು. "ತಗೋರಿ, ಬಾಯಿ ಸಿಹಿ ಮಾಡ್ಕೊಳ್ಳೂಣು. ಮಾತು ಮುಗದಂಗಾತು" ಎಂದಳು.

ಆಗ ಫಕೀರಪ್ಪನ ಕೈ ನನ್ನ ಮೇಲಿಂದ ಹಾದು ಮುಂದೆ ಬಂತು. ಜಾಮೂನು ತೆಗೆದುಕೊಳ್ಳಲು ಎಂದುಕೊಂಡೆ. ಆ ಕೈ ಬಾವುಟವನ್ನು ಹಿಡಿದು ಮೆಲ್ಲಗೆ ಮಲಗಿಸಿತು. ಈ ಸಲ ಅವನಿಗೆ ಅದರ ಅರ್ಥ ಗೊತ್ತಿತ್ತು.

"ನಮಗ ಸಾಕ್ರಿ ಅಕ್ಕಾರ" ಎಂದ.

"ಇನ್ನಾ ಸಿಹಿ ತಿಂದಿಲ್ಲಲ್ರಿ."

"ಸಿಹಿ ಬ್ಯಾಡ್ರಿ. ನಿಮ್ಮ ಹುಡುಗ ಛಲೋ ಅದಾನ, ತಪ್ಪು ತಿಳೀಬ್ಯಾಡ್ರಿ. ಆದ್ರ ನನ್ನ ಮಗಳನ್ನ ಕೊಡಾಕ ನನಗ ಮನಸ್ಸು ಬರವಲ್ದು." ಎದ್ದು ಕೈಮುಗಿದ. ಕಸ್ತೂರಿ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಅಪ್ಪನ ಹಿಂದೆ ಹೋದಳು. ಕೆಂಡ ಆರುವ ತನಕ ನಾನು ಆ ಬಾಗಿಲನ್ನೇ ನೋಡುತ್ತಿದ್ದೆ.

ಹೋಟೆಲು ಹೆಚ್ಚು ಕಾಲ ಬಾಳಲಿಲ್ಲ. ಮ್ಯಾಚು ಎಲ್ಲರ ಮೊಬೈಲಿನಲ್ಲೇ ಬರತೊಡಗಿದ ಮೇಲೆ, ಹಸಿ ಕೋಳಿ ತಿನ್ನಲು ಬೈಪಾಸಿನ ತನಕ ಯಾರು ಬರುತ್ತಾರೆ? ಸಾವ್ಕಾರ ಬಾಗಿಲು ಹಾಕಿದ. ನಮ್ಮನ್ನೆಲ್ಲ ಗದಗಿನ ಗುಜರಿಯವನೊಬ್ಬ ಟೆಂಪೊದಲ್ಲಿ ತುಂಬಿಕೊಂಡು ಹೋಗಿ, ಸೈಕಲ್ ಚಕ್ರಗಳ ಮೇಲೆ ಎಸೆದ. ಒಡಹುಟ್ಟಿದವರು ಒಬ್ಬೊಬ್ಬರಾಗಿ ಕರಗಲು ಹೋದರು. ನನ್ನ ಮೈ ತುಂಬ ತುಕ್ಕು. ಇನ್ನು ನನ್ನ ಸರದಿ ಎಂದು ಕಾಯುತ್ತಿದ್ದಾಗ ಒಬ್ಬ ಹೆಂಗಸು ಬಂದು, ಒಂದೊಂದೇ ತಗಡನ್ನು ಬೆರಳಿನಿಂದ ಬಡಿದು ನೋಡುತ್ತ, "ದಪ್ಪಂದು ಬೇಕ್ರಿ, ಸೊಟ್ಟ ಆಗಬಾರದು" ಎಂದಳು. ದನಿ ಕೇಳಿದ ಕೂಡಲೇ ಗೊತ್ತಾಯಿತು. ಕಸ್ತೂರಿ. ನನ್ನ ಗುರುತು ಅವಳಿಗೆ ಸಿಗಲಿಲ್ಲ. ಸಿಗಬೇಕೆಂದು ನಾನೂ ಹಟ ಹಿಡಿಯಲಿಲ್ಲ.

ಈಗ ನಾನಿರುವುದು ಅವಳ ಖಾನಾವಳಿಯ ಬಾಗಿಲ ಬಳಿ. ದಿನವೂ ಹೊಟ್ಟೆ ತುಂಬ ಕೆಂಡ. ಮಾಬೂಸಾಬನ ಆಶೀರ್ವಾದ ತಡವಾಗಿಯಾದರೂ ಹತ್ತಿತು. ಇಲ್ಲಿ ಬಾವುಟ ಇಲ್ಲ. ಸಾಕೆಂದವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ, ಆದರೂ ಕಸ್ತೂರಿ ಬೆರಳ ಸಂದಿಯಲ್ಲಿ ಇನ್ನೊಂದು ತುಂಡು ಹಾಕಿಯೇ ಬಿಡುತ್ತಾಳೆ. ಅವಳ ಮದುವೆ ಆಗಲಿಲ್ಲ. ಫಕೀರಪ್ಪನಿಗೆ ಕಣ್ಣು ಮಂಜಾಗಿದೆ. ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತಾನೆ.

ಮೊನ್ನೆ ಗಿರಾಕಿಗಳೆಲ್ಲ ಹೋದ ಮೇಲೆ ಅವನು ಕೇಳಿಯೇ ಬಿಟ್ಟ. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು. "ಯವ್ವಾ, ಅವತ್ತ ಆ ಹುಬ್ಬಳ್ಳಿ ಹೋಟ್ಲದಾಗ ನಾ ಒಲ್ಲೆ ಅಂದ್ನೆಲ್ಲ. ತಪ್ಪು ಮಾಡಿದ್ನೇನು?"

ಕಸ್ತೂರಿ ಕಂಬಿ ತಿರುಗಿಸುತ್ತಲೇ ಇದ್ದಳು.

"ಆ ಹೋಟ್ಲದಾಗಿನ ಊಟ ಭಾಳ ಕೆಟ್ಟಿತ್ತಪ್ಪಾ" ಎಂದಳು. "ಆದ್ರ ಅವತ್ತ ಮನಿಗೆ ಬಂದು ನಾ ಹೊಟ್ಟಿ ತುಂಬ ಉಂಡೆ."

ಸುಟ್ಟ ತುಂಡೊಂದನ್ನು ಅಪ್ಪನ ತಟ್ಟೆಗೆ ಹಾಕಿದಳು. ಅವನು ಅದನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದ. ಗಂಟಲಿನಿಂದ ಇಳಿಯಿತು, ನಾನು ಕೆಳಗಿನಿಂದ ನೋಡಿದೆ.