ಐದನೇ ಪರೀಕ್ಷೆ

ಮುರಳಿಮೋಹನನ ಸೆಕ್ಯೂರಿಟಿ ಏಜೆನ್ಸಿಯಲ್ಲಿ ಕೆಲಸ ಸಿಗಬೇಕಾದರೆ ಐದು ಪರೀಕ್ಷೆ ದಾಟಬೇಕು. ಎತ್ತರ ಅಳೆಯುತ್ತಾರೆ, ಓಡಿಸುತ್ತಾರೆ, ಕಣ್ಣು ನೋಡುತ್ತಾರೆ, ಗೇಟಿನ ರಿಜಿಸ್ಟರಿನಲ್ಲಿ ನಾಲ್ಕು ಸಾಲು ಬರೆಸುತ್ತಾರೆ. ಇಷ್ಟನ್ನು ಯಾರು ಬೇಕಾದರೂ ಪಾಸು ಮಾಡಿಯಾರು. ಐದನೆಯದು ಮಾತ್ರ ನೇರವಾಗಿ ಕೆನ್ನೆಯ ಮೇಲೆ ಬೀಳುತ್ತದೆ.

ಗಂಡಸರಿಗೆ ಮುರಳಿಮೋಹನನೇ ಬಾರಿಸುತ್ತಾನೆ, ಹೆಂಗಸರಿಗೆ ರೂಪ. ಆರು ವರ್ಷದಿಂದ ರೂಪಳ ಬಲಗೈಗೆ ಇದೇ ಉದ್ಯೋಗ. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಯಾವ ಗೇಟಿನಲ್ಲಿ ನೀಲಿ ಸಮವಸ್ತ್ರದ ಹೆಂಗಸು ನಿಂತಿದ್ದರೂ, ಅವಳ ಕೆನ್ನೆಗೂ ರೂಪಳ ಅಂಗೈಗೂ ಒಮ್ಮೆ ಪರಿಚಯವಾಗಿರುತ್ತದೆ. ಅದರ ಬಗ್ಗೆ ರೂಪಳಿಗೆ ನಾಚಿಕೆಯೇನೂ ಇರಲಿಲ್ಲ. ಮೊದಲ ಬ್ಯಾಚಿನಲ್ಲಿ ಅವಳೂ ತಿಂದವಳೇ.

ನಿಯಮ ಸುಲಭ. ಸಾಲಾಗಿ ನಿಲ್ಲಬೇಕು, ಎರಡೂ ಕೈ ಬೆನ್ನ ಹಿಂದೆ, ಬಲಗೈ ಎಡಗೈಯ ಮಣಿಕಟ್ಟನ್ನು ಹಿಡಿದಿರಬೇಕು. ಏಟು ಬಿದ್ದಾಗ ತಿರುಗಿ ಹೊಡೆದವರು ಮನೆಗೆ, ಬೈದವರು ಮನೆಗೆ, ಅತ್ತವರೂ ಮನೆಗೆ. ಹಿಡಿದ ಮಣಿಕಟ್ಟು ಬಿಟ್ಟರೂ ಸಾಕು, ಬಸ್ ಹತ್ತಬಹುದು. ಹಿಂದೊಮ್ಮೆ ಯಾವುದೋ ಕಾರ್ಖಾನೆಯ ಗೇಟಿನಲ್ಲಿ ಕಾಲರ್ ಹಿಡಿದ ಕೂಲಿಯೊಬ್ಬನಿಗೆ ಏಜೆನ್ಸಿಯ ಗಾರ್ಡು ಲಾಠಿಯಿಂದ ಬಿಗಿದಿದ್ದ. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ಸಂಜೆಯೊಳಗೆ ಜಿಲ್ಲೆಯೆಲ್ಲ ನೋಡಿ, ಗುತ್ತಿಗೆ ಕೈತಪ್ಪಿತ್ತು. ನಮಗೆ ಬೇಕಾಗಿರುವುದು ಹೊಡೆಯುವವರಲ್ಲ, ಹೊಡೆಸಿಕೊಂಡು ಸುಮ್ಮನಿರುವವರು ಎಂದು ಮುರಳಿಮೋಹನ ಅಂದಿನಿಂದ ಹೇಳುತ್ತಲೇ ಬಂದಿದ್ದಾನೆ. ಅವನಿಗೆ ಇದು ದೊಡ್ಡ ತತ್ವದ ಹಾಗೆ ಕಾಣುತ್ತದೆ.

ಇದಕ್ಕೊಂದು ಬಾಲವೂ ಇತ್ತು. ಎಲ್ಲ ಮುಗಿದು ಟೀ ಕೊಡುವ ಹೊತ್ತಿಗೆ ಚಿಂತಾಮಣಿಯ ರಮೇಶ್‌ಬಾಬು ಬರುತ್ತಿದ್ದ. ಪೌರಾಣಿಕ ನಾಟಕಗಳಲ್ಲಿ ರಾಕ್ಷಸನ ವೇಷ ಹಾಕುವ ಆಸಾಮಿ. ಕುಡಿದವನಂತೆ ತೂರಾಡುತ್ತ ಒಳನುಗ್ಗಿ, ಬಾಯಿಗೆ ಬಂದಂತೆ ಬೈದು, ಸಾಲಿನಲ್ಲಿ ಒಬ್ಬರ ಮೇಲೆ ಬಿದ್ದು ಎಳೆದಾಡುತ್ತಿದ್ದ. ಆಗಲೂ ಯಾರೂ ಕದಲಬಾರದು, ಪಕ್ಕದವರೂ ಸಹಾಯಕ್ಕೆ ಹೋಗಬಾರದು. ಇದು ಗುಟ್ಟು ಎಂದು ಮುರಳಿಮೋಹನ ತಿಳಿದಿದ್ದ. ಆದರೆ ಗುಟ್ಟು ಊರೂರಿಗೆ ತಲುಪಿತ್ತು. ನೇಮಕದ ಕಾಗದ ಕೈಗೆ ಬರುವವರೆಗೆ ಯಾರಾದರೂ ಬಂದು ಹೊಡೆಯುತ್ತಾರೆ ಎಂಬುದು ಮಂಡಿಕಲ್ಲಿನ ಹುಡುಗಿಯರಿಗೂ ಗೊತ್ತಿತ್ತು.

ಆ ಭಾನುವಾರ ಪೆರೇಸಂದ್ರದ ದಾರಿಯ ಕಲ್ಯಾಣ ಮಂಟಪವೊಂದರ ಹಿಂದಿನ ಬಯಲಿನಲ್ಲಿ ಇಪ್ಪತ್ಮೂರು ಹೆಂಗಸರು ಸೇರಿದ್ದರು. ಗೌರಿಬಿದನೂರಿನಲ್ಲಿ ಹೊಸದಾಗಿ ಬಾಗಿಲು ತೆರೆದಿದ್ದ ಗಾರ್ಮೆಂಟ್ಸ್ ಕಾರ್ಖಾನೆಗೆ ಹದಿನಾಲ್ಕು ಜನ ಬೇಕಾಗಿದ್ದರು. ಸಾಲಿನಲ್ಲಿ ಹನ್ನೊಂದನೆಯವಳು ಶಿರೀಷಾ, ರೂಪಳ ತಮ್ಮ ನರೇಂದ್ರನ ಹೆಂಡತಿ.

ಹದಿನೈದು ದಿನದ ಹಿಂದೆ ಶಿರೀಷಾ ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ರೂಪಳನ್ನು ಹುಡುಕಿಕೊಂಡು ಬಂದಿದ್ದಳು. ಕಾಫಿಯನ್ನೂ ಮುಟ್ಟದೆ, ಆ ಕಾರ್ಖಾನೆಯಲ್ಲಿ ಹೆಂಗಸರಿಗೆ ಹಾಸ್ಟೆಲ್ ಇರುವುದು ನಿಜವೇ ಎಂದು ಕೇಳಿದಳು. ನಿಜ, ಕಾಂಪೌಂಡಿನ ಒಳಗೇ ಇದೆ ಎಂದು ರೂಪ ಹೇಳಿದಳು. ಹೊರಗಿನವರನ್ನು ಒಳಗೆ ಬಿಡುತ್ತಾರಾ, ಗಂಡ ಅಂತ ಹೇಳಿಕೊಂಡು ಬಂದರೆ ಬಿಡುತ್ತಾರಾ ಎಂದು ಎರಡು ಸಲ ಕೇಳಿದಳು. ನಮ್ಮಮ್ಮನ ಅಡುಗೆಗೆ ಹೆದರಿ ಓಡಿಹೋಗುತ್ತಿದ್ದೀಯಾ ಎಂದು ರೂಪ ಕಿಚಾಯಿಸಿದಳು. ಶಿರೀಷಾ ತುಟಿ ಬಿಚ್ಚದೆ ನಕ್ಕಳು. ಮನೆಯಲ್ಲಿ ಮಾತ್ರ ಹೇಳಬೇಡಿ, ತವರಿಗೆ ಹೋಗುತ್ತೇನೆಂದು ಹೇಳಿ ಬರುತ್ತೇನೆ ಎಂದಳು.

ರೂಪ ಏನೂ ನೋಡಿರಲಿಲ್ಲ ಅಂತಲ್ಲ. ಯುಗಾದಿಗೆ ಹೋಗಿದ್ದಾಗ ಶಿರೀಷಾಳ ಕುತ್ತಿಗೆಯ ಮೇಲೆ ಹಸಿರುಗಟ್ಟಿದ ಗುರುತಿತ್ತು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದಿದ್ದಳು ಅಮ್ಮ ಮುನಿಗಂಗಮ್ಮ. ಆ ಮನೆಯ ಬಚ್ಚಲು ಮೊದಲಿನಿಂದಲೂ ಬಹಳ ಜಾರುತ್ತಿತ್ತು. ಅಪ್ಪ ಬದುಕಿದ್ದಾಗ ಮುನಿಗಂಗಮ್ಮನೂ ಅಲ್ಲೇ ಜಾರಿ ಬೀಳುತ್ತಿದ್ದಳು. ರೂಪ ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ, ಕೇಳಿದ್ದರೆ ಏನಾದರೂ ಮಾಡಬೇಕಾಗುತ್ತಿತ್ತಲ್ಲ.

ಕಳಿಸಿಕೊಡುವಾಗ ಅವಳು ಶಿರೀಷಾಳಿಗೆ ಒಂದೇ ಮಾತು ಒತ್ತಿ ಹೇಳಿದ್ದಳು.

"ಯಾರೇ ಬರ್ಲಿ, ಏನೇ ಮಾಡ್ಲಿ, ಹಿಡಿದ ಕೈ ಬಿಡಬೇಡ ಕಣಮ್ಮ. ನಾನು ಲೆಟರ್ ಕೈಗಿಡೋವರ್ಗೂ ಬಿಡಬೇಡ."

ಆದರೆ ಶನಿವಾರ ಸಂಜೆ ಅಮ್ಮನ ಫೋನ್ ಬಂದಾಗ ರೂಪಳಿಗೆ ಬಾಯಿ ಕಟ್ಟಲಾಗಲಿಲ್ಲ. ನಾಳೆ ಪೆರೇಸಂದ್ರದ ದಾರಿಯ ಮಂಟಪದಲ್ಲಿ ಶಿರೀಷಾಳ ಆಯ್ಕೆ, ಕೆಲಸ ಸಿಕ್ಕ ಹಾಗೇ ಎಂದುಬಿಟ್ಟಳು. ಅಮ್ಮ ಎಂದರೆ ಹೊರಗಿನವಳೇನಲ್ಲ ಎಂದು ಅವಳ ಲೆಕ್ಕ. ಮುನಿಗಂಗಮ್ಮ ಆಯ್ತಮ್ಮ ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಭಾನುವಾರ ಹತ್ತೂವರೆಗೆ ಐದನೇ ಪರೀಕ್ಷೆ ಶುರುವಾಯಿತು. ಮೂರನೆಯವಳು ಅತ್ತಳು. ಆರನೆಯವಳು ರೂಪಳ ಜಡೆಗೆ ಕೈ ಹಾಕಿದಳು. ಮಂಡಿಕಲ್ಲಿನ ಆಂಜಿನಮ್ಮ ಎಂಬ ಗಟ್ಟಿಗಿತ್ತಿ ಏಟು ತಿಂದು, ಗೇಟ್ ಪಾಸ್ ತೋರಿಸಿ ಮೇಡಂ ಎಂದಳು. ಸಾಲೆಲ್ಲ ನಕ್ಕಿತು. ಆಮೇಲೆ ರೂಪ ಅವಳ ಪಕ್ಕದಲ್ಲಿದ್ದ ಶಿರೀಷಾಳ ಮುಂದೆ ಬಂದು ನಿಂತಳು.

ಏಟು ಬೀಳುವ ಮುಂಚೆ ಮನುಷ್ಯರು ಏನಾದರೊಂದು ಮಾಡುತ್ತಾರೆ. ಕಣ್ಣು ಮುಚ್ಚುತ್ತಾರೆ, ಹೆಗಲು ಎತ್ತುತ್ತಾರೆ, ಉಸಿರು ಹಿಡಿಯುತ್ತಾರೆ. ಶಿರೀಷಾ ಮುಖವನ್ನು ಒಂದಿಷ್ಟು ಓರೆ ಮಾಡಿ, ಕೆನ್ನೆಯನ್ನು ಅನುಕೂಲವಾಗುವಂತೆ ಒಡ್ಡಿದಳು. ನಾಲಗೆ ಹಲ್ಲಿಗೆ ಸಿಗದಂತೆ ದವಡೆ ಬಿಗಿ ಹಿಡಿದಳು. ಈ ವಿದ್ಯೆ ಹೊಸಬರಿಗೆ ಬರುವುದಿಲ್ಲ. ರೂಪ ಅದನ್ನು ಚಿಕ್ಕಂದಿನಲ್ಲಿ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದ್ದಳು, ಅಮ್ಮನ ಮುಖದಲ್ಲಿ. ಅಷ್ಟರಲ್ಲಿ ಕೈ ಬೀಸಿಯಾಗಿತ್ತು.

ಶಬ್ದ ಬಯಲಿನ ಆಚೆಗೂ ಕೇಳಿಸಿತು. ಶಿರೀಷಾ ರೆಪ್ಪೆಯನ್ನೂ ಹೊಡೆಯಲಿಲ್ಲ. ಮುರಳಿಮೋಹನ ಕುರ್ಚಿಯಿಂದ ಎದ್ದು ಬಂದು, ಇಷ್ಟು ಚೆನ್ನಾಗಿ ನಿಲ್ಲುವುದನ್ನು ಎಲ್ಲಿ ಕಲಿತೆ ಎಂದು ಕೇಳಿದ.

"ಮನೇಲಿ ಸಾರ್," ಎಂದಳು ಶಿರೀಷಾ.

ಮುರಳಿಮೋಹನ ಹೊಟ್ಟೆ ಕುಣಿಸಿ ನಕ್ಕ. ಇವಳೇ ಈ ಬ್ಯಾಚಿಗೆ ಫಸ್ಟ್ ಎಂದ. ರೂಪಳ ಅಂಗೈ ಚುರುಗುಟ್ಟುತ್ತಿತ್ತು. ಆರು ವರ್ಷದಲ್ಲಿ ಮೊದಲ ಸಲ ಅವಳಿಗೆ ಆ ಕೈಯನ್ನು ಎಲ್ಲಾದರೂ ತೊಳೆಯಬೇಕು ಅನ್ನಿಸಿತು.

ಹದಿನಾಲ್ಕು ಜನ ಉಳಿದರು, ಮಿಕ್ಕವರು ಬಸ್ಸಿಗೆ ಹೋದರು. ರೂಪ ಮಂಟಪದ ಅಡುಗೆಕೋಣೆಯಲ್ಲಿ ಕುಳಿತು ನೇಮಕದ ಕಾಗದಗಳಿಗೆ ಹೆಸರು ತುಂಬತೊಡಗಿದಳು. ಮೊದಲು ಬರೆದದ್ದು ಶಿರೀಷಾಳ ಹೆಸರನ್ನು. ಇವಳನ್ನು ಶಿಡ್ಲಘಟ್ಟಕ್ಕೆ ಕಳಿಸುವುದೇ ಬೇಡ, ಇವತ್ತೇ ಏಜೆನ್ಸಿಯ ವ್ಯಾನಿನಲ್ಲಿ ಹಾಸ್ಟೆಲಿಗೆ ಬಿಟ್ಟುಬಿಡಬೇಕು ಎಂದು ನಿಶ್ಚಯಿಸಿದಳು. ಬಟ್ಟೆಬರೆ ಆಮೇಲೆ ನೋಡಿಕೊಂಡರಾಯಿತು. ಆಗ ಮುರಳಿಮೋಹನ ಕಿಟಕಿಯಲ್ಲಿ ತಲೆ ಹಾಕಿ, ರಮೇಶ್‌ಬಾಬುವಿಗೆ ಗಂಟಲು ಕೆಟ್ಟಿದೆಯಂತೆ, ಬೇರೆ ಯಾರನ್ನೋ ಕಳಿಸಿದ್ದಾನಂತೆ ಎಂದು ಹೇಳಿ ಹೋದ.

ಎಂಟನೇ ಕಾಗದ ಬರೆಯುವಾಗ ಹೊರಗೆ ಬೈಗುಳ ಕೇಳಿಸಿತು. ಅರ್ಧ ಕನ್ನಡ, ಅರ್ಧ ತೆಲುಗು, ಎಲ್ಲವೂ ಕೊಳಕು. ಹೊಸಬ ರಮೇಶ್‌ಬಾಬುವಿಗಿಂತ ಚೆನ್ನಾಗಿ ಮಾಡುತ್ತಿದ್ದಾನೆ ಎಂದುಕೊಂಡಳು ರೂಪ. ಕೆನ್ನೆಗೆ ಬಿದ್ದ ಏಟು ಕೇಳಿಸಿತು. ಆಮೇಲೆ ಕೇಳಿಸಿದ್ದು ಕೆನ್ನೆಯ ಶಬ್ದವಾಗಿರಲಿಲ್ಲ. ಹೊಟ್ಟೆಗೆ ಒದ್ದಾಗ ಉಸಿರೆಲ್ಲ ಒಮ್ಮೆಲೇ ಹೊರಬರುವ ಶಬ್ದ ಅದು. ಅವಳು ಕಿಟಕಿಯಲ್ಲಿ ನೋಡಿದಳು.

ಗಂಡಸಿನ ಬೆನ್ನು ಕಾಣುತ್ತಿತ್ತು. ಅವನ ಕಾಲ ಬಳಿ ಶಿರೀಷಾ ಮಂಡಿಯೂರಿದ್ದಳು. ಎರಡೂ ಕಡೆ ಹದಿಮೂರು ಹೆಂಗಸರು ಕೈ ಹಿಂದೆ ಕಟ್ಟಿ, ಎದೆ ಸೆಟೆಸಿ, ಎದುರಿನ ಗೋಡೆಯನ್ನೇ ನೋಡುತ್ತ ನಿಂತಿದ್ದರು. ಆ ಗಂಡಸು ಶಿರೀಷಾಳ ಜಡೆಯನ್ನು ತನ್ನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿದ. ಸುತ್ತಿ, ತಲೆಯನ್ನು ಕೆಳಗೆ ಜಗ್ಗಿ, ಮುಖಕ್ಕೆ ಮೊಣಕಾಲು ಕೊಟ್ಟ.

ರೂಪಳ ಕೈಯಿಂದ ಪೆನ್ನು ಬಿತ್ತು. ಆ ಎರಡು ಸುತ್ತು ಯಾವ ನಾಟಕದವನಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಅದು ಅಪ್ಪನ ಸುತ್ತು. ಅಪ್ಪನಿಂದ ಅದನ್ನು ಕಲಿತವನು ಪ್ರಪಂಚದಲ್ಲಿ ಒಬ್ಬನೇ ಇದ್ದ.

ಅವಳು ಹೊರಗೆ ಓಡಿದಳು. ಮುರಳಿಮೋಹನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಟೀ ಕುಡಿಯುತ್ತಿದ್ದ. ಒಳ್ಳೇ ಆಸಾಮಿಯನ್ನು ಕಳಿಸಿದ್ದಾನೆ, ಆದರೆ ಕೈ ಸ್ವಲ್ಪ ಜೋರಾಯಿತು ಎಂದ. ನರೇಂದ್ರ ಮತ್ತೆ ಮೊಣಕಾಲು ಎತ್ತಿದ. ಏನೋ ಮುರಿದ ಶಬ್ದ ಬಂತು, ಶಿರೀಷಾಳ ಬಾಯಿಂದ ರಕ್ತದ ಜೊತೆ ಹಲ್ಲೊಂದು ಮಣ್ಣಿಗೆ ಬಿತ್ತು.

"ಇದು ಟೆಸ್ಟ್ ಅಲ್ಲ," ಎಂದು ರೂಪ ಕೂಗಿದಳು. "ಅವನು ನನ್ ತಮ್ಮ. ಹಿಡ್ಕೊಳ್ರೇ ಅವನನ್ನ."

ಒಬ್ಬಳೂ ಕದಲಲಿಲ್ಲ. ಪಕ್ಕದಲ್ಲೇ ಇದ್ದ ಆಂಜಿನಮ್ಮನ ತುಟಿಯ ತುದಿಯಲ್ಲಿ ಸಣ್ಣ ನಗು ಬಂತು. ನಿಮ್ಮ ಆಟ ನನಗೆ ಗೊತ್ತಾಗದೇ ಎಂಬ ನಗು ಅದು. ಅವಳು ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಮುರಳಿಮೋಹನನಿಗೂ ರೂಪ ಏನೋ ಹೊಸದು ಸೇರಿಸಿದ್ದಾಳೆ ಅನ್ನಿಸಿರಬೇಕು. ಯಾರೂ ಕೈ ಬಿಡಬೇಡಿ ಎಂದು ಸಾಲಿಗೆ ಆಜ್ಞೆ ಕೊಟ್ಟ. ಆರು ವರ್ಷದಿಂದ ರೂಪ ತಾನೇ ಬಾರಿಸಿ ಬಾರಿಸಿ ತಯಾರು ಮಾಡುತ್ತ ಬಂದದ್ದು ಇಂಥ ಸಾಲನ್ನೇ.

ಅವಳು ತಾನೇ ಹೋಗಿ ನರೇಂದ್ರನ ಅಂಗಿ ಹಿಡಿದೆಳೆದಳು. ಅವನು ತಿರುಗಿಯೂ ನೋಡದೆ ಮೊಣಕೈಯಿಂದ ತಿವಿದ. ರೂಪಳ ತುಟಿ ಒಡೆದು ಬಾಯೆಲ್ಲ ಉಪ್ಪುಪ್ಪಾಯಿತು.

"ನೀನು ಒಳಗೋಗಕ್ಕ. ಅಮ್ಮ ಹೇಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಇವಳನ್ನ ಮನೆಗೆ ಕರ್ಕೊಂಡು ಹೋಗ್ತೀನಿ, ಅಷ್ಟೇ."

ಹೇಳುವಾಗ ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಜಡೆ ಹಿಡಿದೇ ಶಿರೀಷಾಳನ್ನು ಗೇಟಿನ ಕಡೆ ಎಳೆಯತೊಡಗಿದ. ಬಯಲಿನ ಜಲ್ಲಿಕಲ್ಲಿನ ಮೇಲೆ ಅವಳ ಮಂಡಿ ತರಚಿ ಕೆಂಪಗೆ ಗೆರೆ ಮೂಡಿತು.

ಗೋಡೆಗೆ ಲಾಠಿ ಒರಗಿಸಿಟ್ಟಿತ್ತು. ಹಿಡಿಯುವುದು ಹೇಗೆ ಎಂದು ಹೊಸಬರಿಗೆ ತೋರಿಸಲು ಇಟ್ಟದ್ದು, ಬೀಸಲು ಅಲ್ಲ. ರೂಪ ಅದನ್ನು ಎರಡೂ ಕೈಯಲ್ಲಿ ಎತ್ತಿ, ಜಡೆ ಸುತ್ತಿದ್ದ ಆ ಮಣಿಕಟ್ಟಿನ ಮೇಲೆ ಇಳಿಸಿದಳು. ಹಸಿ ಸೌದೆ ಮುರಿದಂತಾಯಿತು. ಜಡೆ ಬಿಚ್ಚಿಕೊಂಡಿತು. ನರೇಂದ್ರ ತನ್ನ ಜೋತುಬಿದ್ದ ಕೈಯನ್ನು ನೋಡುತ್ತಿದ್ದಾಗಲೇ ಎರಡನೆಯ ಏಟು ಮೊಣಕಾಲಿಗೆ ಬಿತ್ತು. ಅವನು ಕುಸಿದ. ಮೂರನೆಯದು ಬೆನ್ನಿಗೆ, ನಾಲ್ಕನೆಯದು ಹೆಗಲಿಗೆ. ಅಕ್ಕಾ ಎಂದ, ಚಿಕ್ಕವನಿದ್ದಾಗ ಬಾವಿಕಟ್ಟೆಯಿಂದ ಬಿದ್ದಾಗ ಕೂಗಿದ್ದ ಅದೇ ದನಿಯಲ್ಲಿ. ರೂಪ ನಿಲ್ಲಿಸಲಿಲ್ಲ. ಅವಳಿಗೆ ಹಿತವಾಗುತ್ತಿತ್ತು, ಸುಳ್ಳೇಕೆ ಹೇಳಬೇಕು. ಅಪ್ಪನಿಗೆ ಬೀಳಬೇಕಾಗಿದ್ದವೂ ಅದರಲ್ಲಿ ಸೇರಿದ್ದವು.

ಮುರಿದ ಮಣಿಕಟ್ಟು ಹಿಂದುಮುಂದಾಗಿ ತಿರುಗಿದ್ದು ಕಂಡ ಮೇಲೆ ಮುರಳಿಮೋಹನನ ಕೈಯಿಂದ ಟೀ ಲೋಟ ಬಿತ್ತು. ಓಡಿಬಂದು ಲಾಠಿ ಕಿತ್ತುಕೊಂಡ.

"ಕೈ ಎತ್ತಿಬಿಟ್ಯಲ್ಲಮ್ಮ," ಎಂದ. ಅವನಿಗೆ ಆಗಲೂ ಹೊಳೆದದ್ದು ಅದೇ. ಇನ್ನು ಇಲ್ಲಿ ನಿನಗೆ ಕೆಲಸವಿಲ್ಲ ಎಂಬುದು ಅದರಲ್ಲೇ ಇತ್ತು, ರೂಪಳಿಗೆ ಅರ್ಥವೂ ಆಯಿತು. ಆಂಬುಲೆನ್ಸಿಗೆ ಫೋನ್ ಮಾಡಿ ಎಂದಷ್ಟೇ ಅವಳು ಹೇಳಿದಳು.

ಆಗ ಸಾಲು ಒಡೆಯಿತು. ಒಬ್ಬಳು ನೀರಿಗೆ ಓಡಿದಳು, ಇನ್ನೊಬ್ಬಳು ಗೋಡೆಗೆ ಮುಖ ಮಾಡಿ ಅಳತೊಡಗಿದಳು. ಆಂಜಿನಮ್ಮ ನಿಂತಲ್ಲೇ ಕುಳಿತು, ಕುಡಿದ ಟೀಯನ್ನೆಲ್ಲ ಕಾರಿಕೊಂಡಳು.

ಶಿರೀಷಾ ಒಂದು ಮಗ್ಗುಲಾಗಿ ಬಿದ್ದಿದ್ದಳು. ಮೂಗು ಒಂದು ಕಡೆಗೆ ಸರಿದಿತ್ತು, ಎಡಗಣ್ಣು ಮುಚ್ಚಿಹೋಗಿತ್ತು. ರೂಪ ಪಕ್ಕದಲ್ಲಿ ಕುಳಿತು ಅವಳನ್ನು ಎತ್ತಲು ತೋಳಿಗೆ ಕೈ ಹಾಕಿದಳು. ತೋಳು ಬರಲಿಲ್ಲ. ಶಿರೀಷಾಳ ಎರಡೂ ಕೈ ಇನ್ನೂ ಬೆನ್ನ ಹಿಂದೆಯೇ ಇದ್ದವು. ಬಲಗೈ ಎಡಗೈಯ ಮಣಿಕಟ್ಟನ್ನು ಹಿಡಿದಿತ್ತು, ಉಗುರು ಚರ್ಮಕ್ಕೆ ಇಳಿದು ರಕ್ತ ಬಂದಿತ್ತು.

"ಅವರನ್ನ ನೀವೇ ಕರೆಸಿದ್ರಿ ಅಂದ್ಕೊಂಡೆ ಅಕ್ಕ," ಎಂದಳು ಶಿರೀಷಾ. ಮಾತು ರಕ್ತದಲ್ಲಿ ತೊದಲುತ್ತಿತ್ತು. "ಟೆಸ್ಟಿಗೆ ಅಂತ. ನಾನು ಕೈ ಬಿಡ್ಲಿಲ್ಲ."

ನಾನು ಕರೆಸಲಿಲ್ಲ ಎನ್ನಲು ರೂಪ ಬಾಯಿ ತೆರೆದಳು. ಶನಿವಾರದ ಫೋನು ನೆನಪಾಯಿತು. ಅವಳು ಶಿರೀಷಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಒಂದು ಬಿಡಿಸಿದರೆ ಇನ್ನೊಂದು ಬಿಗಿದುಕೊಳ್ಳುತ್ತಿತ್ತು.

"ಬಿಡು ಕಣೇ. ಮುಗೀತು, ಬಿಡು."

ಶಿರೀಷಾ ತೆರೆದಿದ್ದ ಒಂದು ಕಣ್ಣಿನಿಂದ ಅವಳನ್ನೇ ನೋಡುತ್ತ ಮಣಿಕಟ್ಟನ್ನು ಹಿಡಿದೇ ಇದ್ದಳು. ರೂಪ ಒಳಗೆ ಓಡಿ, ತಾನೇ ಹೆಸರು ಬರೆದಿಟ್ಟಿದ್ದ ಕಾಗದ ತಂದು ಅವಳ ಮುಖದ ಮುಂದೆ ಹಿಡಿದಳು.

"ಪಾಸಾದೆ ಕಣಮ್ಮ," ಎಂದಳು. "ನೀನು ಪಾಸಾದೆ."

ಆಗ ಶಿರೀಷಾ ಕೈ ಬಿಟ್ಟಳು.