ನಲವತ್ತೊಂದನೆಯ ನಿಮಿಷ

ಮುದ್ದಣ್ಣ ಚಹಾ ಕುಡಿಯಲು ಎದ್ದು ಹೋಗಿ ಮೈಕ್ ತನ್ನ ಕೈಗೆ ಬಂದುಬಿಟ್ಟರೆ ಏನು ಮಾಡುವುದು? ಆ ಭಾನುವಾರ ಸಂಜೆ ಎಲ್ವಿಟಾಳಿಗಿದ್ದ ಚಿಂತೆ ಇಷ್ಟೇ. ಡಿಗ್ರಿ ಮುಗಿಸಿದ ಹುಡುಗಿ ಇಂಥದ್ದಕ್ಕೆಲ್ಲ ಹೆದರುತ್ತಾಳೆಂದು ಬರೆದುಕೊಳ್ಳಲೂ ನಾಚಿಕೆಯಾಗಿ, ಬೆಳಿಗ್ಗೆ ಡೈರಿಯಲ್ಲಿ ಒಂದು ಸಾಲು ಬರೆದು ಅದನ್ನು ಹೊಡೆದುಹಾಕಿದ್ದಳು.

ವರ್ಕಾಡಿಯ ಸೆವೆನ್ಸ್ ಫುಟ್‌ಬಾಲ್ ಟೂರ್ನಮೆಂಟಿನ ಸೆಮಿಫೈನಲ್ ಅದು. ತಂಡಕ್ಕೆ ಏಳೇ ಜನ, ಅರ್ಧರ್ಧ ಗಂಟೆಯ ಎರಡು ಹಾಫ್, ಟಿಕೆಟ್ ಇಟ್ಟು ಆಡಿಸುವ ಆಟ. ಅಡಕೆ ಮರದ ಕಂಬಗಳಿಗೆ ಹಗ್ಗ ಬಿಗಿದು ಕಟ್ಟಿದ ಗ್ಯಾಲರಿಯಲ್ಲಿ ಜನ ಒಬ್ಬರ ತೊಡೆಯ ಮೇಲೊಬ್ಬರು ಎನ್ನುವ ಹಾಗೆ ಕೂತಿದ್ದರು. ಗೆರೆಯ ಪಕ್ಕದ ಮೇಜಿನಲ್ಲಿ ಇಬ್ಬರೇ: ಕಮೆಂಟರಿ ಹೇಳುವ ಮುದ್ದಣ್ಣ ಮತ್ತು ಆಟದ ಪುಸ್ತಕ ಬರೆಯುವ ಎಲ್ವಿಟಾ. ಯಾವ ನಿಮಿಷಕ್ಕೆ ಗೋಲು, ಯಾವ ನಿಮಿಷಕ್ಕೆ ಫೌಲು, ಯಾರಿಗೆ ಕಾರ್ಡು ಎಂದು ಸ್ಟಾಪ್‌ವಾಚ್ ನೋಡಿ ಆಗಿಂದಾಗಲೇ ಬರೆಯಬೇಕು. ಕ್ಲಬ್ಬಿನ ಸೆಕ್ರೆಟರಿ ಯುಜಿನ್ ಅಂಕಲ್ ಅವಳನ್ನು ಅಲ್ಲಿ ಕೂರಿಸಿದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಅವಳ ಅಕ್ಷರ ಅಚ್ಚು ಹಾಕಿದ ಹಾಗೆ. ಬಾಯಿ ಮಾತ್ರ ಬೀಗ ಹಾಕಿದ ಹಾಗೆ.

ವರ್ಕಾಡಿಯ ಹತ್ತನೇ ನಂಬರಿನ ಜೆರ್ಸಿಯಲ್ಲಿದ್ದವನು ಅವಳ ತಮ್ಮ ಸವಿಯೊ. ಸೀಸನ್ ಇಡೀ ಮಲಪ್ಪುರಂ ಕಡೆಯ ತಂಡಗಳಿಗೆ ಸಂಬಳಕ್ಕೆ ಆಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಅವನ ಕಾಲಿನ ಮೇಲೆ. ಎದುರು ಅಡೂರು ತಂಡ. ಅದರ ಡಿಫೆಂಡರ್ ಭವಿತ್ ಕೂಡ ಅಂಥವನೇ, ಆಡಿದರೆ ಮಾತ್ರ ಊಟ.

ಹನ್ನೊಂದನೇ ನಿಮಿಷದಲ್ಲಿ ಇಬ್ಬರೂ ಒಂದೇ ಚೆಂಡಿಗೆ ಹಾರಿದರು. ಭವಿತನ ಮೊಣಕೈ ಸವಿಯೊನ ಬಾಯಿಗೆ ಬಡಿಯಿತು. ಸವಿಯೊ ನೆಲಕ್ಕೆ ಬಿದ್ದು, ಮಂಡಿಯೂರಿ ಎದ್ದು, ಕೆಂಪು ಮಣ್ಣಿಗೆ ಕೆಂಪಾದದ್ದೇ ಏನನ್ನೋ ಉಗಿದ. ಅದರಲ್ಲಿ ಬಿಳಿಯ ಚೂರೊಂದಿತ್ತು. ಹಲ್ಲು. ರೆಫರಿ ಹಳದಿ ಕಾರ್ಡು ತೋರಿಸಿದರು. ಗ್ಯಾಲರಿ ಕುದಿಯಿತು.

“ಬಿಡ್ಬೇಡ ಸವೀ! ಅವನ ಕಾಲು ತೆಗಿ ಮಾರಾಯ!”

“ಹಳದಿಯಂತೆ! ರೆಫರಿಗೆ ಕಣ್ಣು ಉಂಟಾ, ಇಲ್ಲ ಬಟನ್ ಹೊಲಿದದ್ದಾ?”

‘11, ಭವಿತ್, ಹಳದಿ’ ಎಂದು ಎಲ್ವಿಟಾ ಬರೆದಳು. ಪೆನ್ನಿನ ಮೊನೆ ಕಾಗದದೊಳಕ್ಕೆ ಇಳಿದು ಅಡಿಯ ಹಾಳೆಯಲ್ಲೂ ಗುರುತು ಬಿತ್ತು. ತಮ್ಮನ ರಕ್ತ ಕಂಡಾಗ ಅವಳಿಗೂ ‘ಬಿಡ್ಬೇಡ’ ಎನ್ನಿಸಿತ್ತು. ಅದು ಸುಳ್ಳಲ್ಲ.

ಹಾಫ್ ಟೈಮಿನಲ್ಲಿ ಸವಿಯೊ ಮೇಜಿನ ಹತ್ತಿರ ಬಂದು ನೀರು ಬಾಯಿಗೆ ಹಾಕಿಕೊಂಡು ಉಗಿದ. ಮೇಲಿನ ತುಟಿ ಎರಡಾಗಿ ಸೀಳಿತ್ತು. “ನೋಡ್ತಾ ಇರು ಎಲ್ವಿ,” ಎಂದ. ಅಷ್ಟೇ.

ನಲವತ್ತೊಂದನೇ ನಿಮಿಷ. ಚೆಂಡು ಮೇಜಿನ ಎದುರಿನ ಗೆರೆ ದಾಟಿ ಹೊರಗೆ ಹೋಯಿತು. ರೆಫರಿ ವಿಸಿಲ್ ಊದಿ, ಥ್ರೋ ಅಡೂರಿನದ್ದೆಂದು ಕೈ ತೋರಿಸಿ, ಬೆನ್ನು ತಿರುಗಿಸಿ ನಡೆದರು. ಭವಿತ್ ನಿಂತಲ್ಲೇ ಬಗ್ಗಿ ಜಾರಿದ ಸಾಕ್ಸ್ ಮೇಲಕ್ಕೆಳೆಯುತ್ತಿದ್ದ. ಸವಿಯೊ ರೆಫರಿಯ ಬೆನ್ನನ್ನು ನೋಡಿದ. ಆಮೇಲೆ ಭವಿತನನ್ನು ನೋಡಿದ. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ ಓಡಿ, ಎರಡೂ ಪಾದ ಜೋಡಿಸಿ ಹಾರಿ, ಬೂಟಿನ ಅಡಿಯನ್ನು ಆ ಬಗ್ಗಿದವನ ಮೊಣಕಾಲಿನ ಕೆಳಗೆ ಇಳಿಸಿದ.

ಸದ್ದು ಮೇಜಿನವರೆಗೂ ಬಂತು. ಭವಿತನ ಕಾಲು ಕೀಲಿಲ್ಲದ ಜಾಗದಲ್ಲಿ ಮಡಚಿತ್ತು. ಈಗಷ್ಟೇ ಎಳೆದುಕೊಂಡಿದ್ದ ಸಾಕ್ಸನ್ನು ಹರಿದು ಮೂಳೆಯ ತುದಿ ಹೊರಗೆ ಬಂದಿತ್ತು. ಅವನು ಮೊದಲು ಕೂಗಲಿಲ್ಲ. ತನ್ನ ಕಾಲನ್ನು ಬೇರೆಯವರದ್ದೆಂಬಂತೆ ನೋಡಿದ. ಆಮೇಲೆ ಕೂಗಿದ. ಅಲ್ಲಿಯವರೆಗೂ ಬಡಿಯುತ್ತಲೇ ಇದ್ದ ಬ್ಯಾಂಡಿನವರ ಡ್ರಮ್ಮು ಕೂಡ ಆ ಕೂಗಿಗೆ ನಿಂತುಹೋಯಿತು.

ಅಡೂರಿನವರು ಸವಿಯೊನ ಮೇಲೆ ಬಿದ್ದರು, ವರ್ಕಾಡಿಯವರು ಅಡೂರಿನವರ ಮೇಲೆ. ಯಾರೋ ಕಾರ್ನರಿನ ಕೋಲು ಕಿತ್ತು ಬೀಸಿದರು. ಒಬ್ಬನ ಕಿವಿ ಹರಿಯಿತು. ಗ್ಯಾಲರಿಯಿಂದ ಇಳಿದವರ ಚಪ್ಪಲಿಗಳ ಕೆಳಗೆ ಭವಿತನ ಕೈಬೆರಳುಗಳೂ ಸಿಕ್ಕವು. ಮುದ್ದಣ್ಣ ಮೈಕಿನಲ್ಲಿ “ದಯವಿಟ್ಟು, ದಯವಿಟ್ಟು” ಎನ್ನುತ್ತಲೇ ಇದ್ದ. ಎಲ್ವಿಟಾ ಮಾತ್ರ ತಲೆ ಬಗ್ಗಿಸಿ ತನ್ನ ಕೆಲಸ ಮಾಡಿದಳು: ‘41, ಚೆಂಡು ಹೊರಗೆ, ವಿಸಿಲ್. ಅದರ ನಂತರ ನಂ. 10 ಹೊಡೆದದ್ದು.’

ಈ ಆಟದಲ್ಲಿ ಹೊಡೆತ ಹೊಸದಲ್ಲ. ಅದನ್ನು ಮುಗಿಸುವ ಒಂದು ಕ್ರಮವೂ ಉಂಟು. ಹೊಡೆದವನು ಮರುದಿನ ಕಿತ್ತಳೆ ಹಣ್ಣು ಹಿಡಿದು ಆಸ್ಪತ್ರೆಗೆ ಹೋಗಬೇಕು. ಮಂಚದ ಪಕ್ಕ ನಿಂತು ಕೈ ಕುಲುಕಬೇಕು. ಸೆಕ್ರೆಟರಿ ಫೋಟೋ ತೆಗೆದು ಎರಡೂ ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಕೆಳಗೆ ಜನ ಕೈಮುಗಿದ ಚಿತ್ರ ಹಾಕುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು. ಎರಡು ವರ್ಷದ ಹಿಂದೆ ಎದುರು ತಂಡದವನೊಬ್ಬ ಸವಿಯೊನ ಭುಜದ ಮೂಳೆ ಮುರಿದಾಗಲೂ ಹಾಗೆಯೇ ಆಗಿತ್ತು. ಆ ಫೋಟೋದಲ್ಲಿ ಸವಿಯೊ ನಗುತ್ತಿದ್ದ. ಫೋಟೋ ತೆಗೆದವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಅತ್ತದ್ದನ್ನು ಕಂಡವಳು ಎಲ್ವಿಟಾ ಒಬ್ಬಳೇ.

ಸೋಮವಾರ ಯುಜಿನ್ ಅಂಕಲ್ ಸವಿಯೊನನ್ನೂ ಎಲ್ವಿಟಾಳನ್ನೂ ಕಾರಿನಲ್ಲಿ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಭವಿತನ ಅಕ್ಕ ಪೂಜಾಶ್ರೀ ಕಾಲೇಜಿನಲ್ಲಿ ಎಲ್ವಿಟಾಳ ಬೆಂಚಿನವಳು. ಗುರುತಿನವರು ಜೊತೆಗಿದ್ದರೆ ಒಳ್ಳೆಯದೆಂದು ಎಲ್ವಿಟಾಳ ಅಮ್ಮ ಬೆನೆಡಿಕ್ಟಾ ಹೇಳಿದ್ದರು.

ಪೂಜಾಶ್ರೀ ವಾರ್ಡಿನ ಬಾಗಿಲಲ್ಲೇ ತಡೆದಳು. “ಒಳಗೆ ಬರುದು ಬೇಡ.”

“ಅಲ್ಲ ಮಗಾ, ನಮ್ಮ ಹುಡುಗನಿಗೂ ಬೇಜಾರುಂಟು. ಒಂದು ಕೈ ಕೊಟ್ಟು ಹೋಗ್ತಾನೆ,” ಎಂದರು ಯುಜಿನ್ ಅಂಕಲ್.

“ಕೈ ಕೊಟ್ರೆ ಕಾಲು ಬರ್ತದಾ ಅಂಕಲ್? ಪಾದಕ್ಕೆ ರಕ್ತ ಸರಿ ಹೋಗ್ತಾ ಇಲ್ಲ. ನಾಳೆವರೆಗೆ ನೋಡಿ, ಸರಿಯಾಗದಿದ್ರೆ ಮೊಣಕಾಲಿನ ಕೆಳಗೆ ತೆಗೀಬೇಕು ಅಂತ ಡಾಕ್ಟ್ರು ಹೇಳಿದ್ರು.”

ಸವಿಯೊನ ಕೈಯಲ್ಲಿದ್ದ ಕಿತ್ತಳೆಯ ಪ್ಲಾಸ್ಟಿಕ್ ತೊಟ್ಟೆಯನ್ನು ಅವಳು ಕಿತ್ತುಕೊಂಡು ಮೆಟ್ಟಿಲಿನ ಕಡೆ ಎಸೆದಳು. ಹಣ್ಣುಗಳು ಒಂದೊಂದೇ ಮೆಟ್ಟಿಲು ಬಡಿಯುತ್ತಾ ಕೆಳಗಿನ ಮಹಡಿಯವರೆಗೂ ಉರುಳಿದವು. ಆಮೇಲೆ ಅವಳು ಎಲ್ವಿಟಾಳ ಕಡೆ ತಿರುಗಿದಳು. “ನೀನು ಮೇಜಿನಲ್ಲಿ ಇದ್ದಿ ಅಲ್ವಾ? ಭವಿ ಹೇಳ್ತಾನೆ, ವಿಸಿಲ್ ಆಗಿತ್ತು ಅಂತ. ಆಗಿತ್ತಾ?”

“ಅವಳಿಗೆ ಎಂತ ಗೊತ್ತಿರ್ತದೆ, ಪಾಪ,” ಎಂದು ಯುಜಿನ್ ಅಂಕಲ್ ಎಲ್ವಿಟಾಳ ತೋಳು ಹಿಡಿದು ಮೆಟ್ಟಿಲಿಳಿಸಿದರು. ಅವಳ ಬಾಯಿ ತೆರೆದೇ ಇತ್ತು. ಅದರಿಂದ ಏನೂ ಹೊರಟಿರಲಿಲ್ಲ.

ಅದೇ ಸಂಜೆ ಪೂಜಾಶ್ರೀ ಪೊಲೀಸರಿಗೆ ದೂರು ಕೊಟ್ಟಳು. ಆಟದಲ್ಲಿ ಆದದ್ದಕ್ಕೆ ಪೊಲೀಸ್! ಊರಿಗೆ ಅದು ನುಂಗಲಾರದ ತುತ್ತಾಯಿತು. ಮಂಗಳವಾರ ಯುಜಿನ್ ಅಂಕಲ್ ಮತ್ತು ಮುದ್ದಣ್ಣ ಆಟದ ಪುಸ್ತಕ ಹಿಡಿದು ಎಲ್ವಿಟಾಳ ಮನೆಗೆ ಬಂದರು.

“ಹಾಗಾದ್ರೆ ಕ್ರಿಕೆಟಿನಲ್ಲಿ ತಲೆಗೆ ಬಾಲ್ ಬಿದ್ರೆ ಬೌಲರನ್ನು ಜೈಲಿಗೆ ಹಾಕುದಾ?” ಮುದ್ದಣ್ಣ ಮೈಕ್ ಇಲ್ಲದಿದ್ದರೂ ಮೈಕಿನ ಸ್ವರದಲ್ಲೇ ಕೇಳಿದ. “ಕಬಡ್ಡಿಯಲ್ಲಿ ಪಕ್ಕೆಲುಬು ಮುರಿದ್ರೆ ಏಳೂ ಜನರ ಮೇಲೆ ಕೇಸಾ? ಇನ್ನು ಪ್ಲೇಯರ್ಸಿಗೆ ಬೂಟಿನೊಟ್ಟಿಗೆ ಒಬ್ಬ ವಕೀಲನನ್ನೂ ಕೊಡ್ಬೇಕಾದೀತು.”

“ಬಾಲ್‌ಗೆ ಹೋಗುವಾಗ ತಾಗಿದ್ರೆ ಅದು ಬೇರೆ,” ಎಂದರು ಬೆನೆಡಿಕ್ಟಾ ಮೆಲ್ಲಗೆ.

“ಬಾಲ್‌ಗೇ ಹೋದದ್ದು, ಬೆನೆಡಿಕ್ಟಾ ಬಾಯಮ್ಮ. ಹಾಗೇ ಹೇಳ್ಬೇಕು.” ಯುಜಿನ್ ಅಂಕಲ್ ಪುಸ್ತಕ ಬಿಚ್ಚಿ ಸೆಮಿಫೈನಲಿನ ಹಾಳೆಯನ್ನು ಬುಡದಿಂದ ನಯವಾಗಿ ಹರಿದರು. “ವೀಡಿಯೋ ಎಲ್ಲ ನೋಡಿ ಆಯ್ತು. ಡ್ರಮ್ಮಿನ ಗಲಾಟೆಯಲ್ಲಿ ವಿಸಿಲ್ ಕೇಳುದೇ ಇಲ್ಲ. ರೆಫರಿಗೆ ಫೋನ್ ಮಾಡಿದೆ, ನೆನಪಿಲ್ಲ ಅಂದ್ರು. ಉಳಿದದ್ದು ಈ ಪುಸ್ತಕ ಒಂದೇ. ಎಲ್ವಿ, ಮುಂದಿನ ಹಾಳೆ ಖಾಲಿ ಉಂಟು. ಎಲ್ಲ ಇದ್ದ ಹಾಗೇ ಬರಿ. ನಲವತ್ತೊಂದು ಮಾತ್ರ, ‘ಚೆಂಡಿಗಾಗಿ ಟ್ಯಾಕಲ್’ ಅಂತ ಹಾಕು.”

ಎಲ್ವಿಟಾ ಪೆನ್ನು ಹಿಡಿದಳು, ಬರೆಯಲಿಲ್ಲ.

ಒಳಗಿನ ಕೋಣೆಯಿಂದ ಸವಿಯೊ ಬಂದ. ಹೊಲಿಗೆ ಹಾಕಿದ ತುಟಿ ಊದಿ ಮೂಗಿಗೆ ತಾಗುತ್ತಿತ್ತು. “ಬರಿಯೇ,” ಎಂದ. ಅವಳು ಅವನ ಮುಖ ನೋಡಿದಳು. ಅವನು ಅವಳ ಮಣಿಕಟ್ಟನ್ನು ಹಿಡಿದು ಕಾಗದಕ್ಕೆ ಒತ್ತಿದ. “ನನ್ನ ಹಲ್ಲು ಹೋದಾಗ ಯಾರು ಸ್ಟೇಷನ್ನಿಗೆ ಹೋದ್ರು? ಭುಜ ಹೋದಾಗ? ನಾನು ಕಿತ್ತಳೆ ತಿನ್ಲಿಲ್ವಾ?” ಪ್ರತಿ ಮಾತಿಗೂ ಹಿಡಿತ ಬಿಗಿಯಾಯಿತು. ಅವಳ ಬೆರಳು ನೀಲಿಗಟ್ಟಿತು. “ಕೇಸಾದ್ರೆ ನನ್ನನ್ನು ಇನ್ನು ಯಾವ ತಂಡವೂ ತಗೊಳ್ಳುದಿಲ್ಲ. ನೀನು ದುಡಿದು ಹಾಕ್ತಿಯಾ? ಅಂಗಡಿಗೆ ಹೋಗಿ ಉಪ್ಪು ಕೇಳ್ಲಿಕ್ಕೆ ನಿಂಗೆ ಬಾಯಿ ಬರುದಿಲ್ಲ!”

“ಸವೀ, ಬಿಡು ಅವಳನ್ನು!” ಬೆನೆಡಿಕ್ಟಾ ಅವನ ಬೆನ್ನಿಗೆ ಗುದ್ದಿದರು. ಅವನು ಕೈ ಬಿಟ್ಟು, ಪಕ್ಕದ ಕಪಾಟಿನ ಬಾಗಿಲಿಗೆ ಒದ್ದ. ಹಲಗೆ ಸೀಳಿತು.

ಎಲ್ವಿಟಾ ಬರೆದಳು. ಅಕ್ಷರ ಎಂದಿನಂತೆಯೇ ಬಂತು. ಹರಿದ ಹಾಳೆಯನ್ನು ಯುಜಿನ್ ಅಂಕಲ್ ಒಲೆಗೆ ಹಾಕಿ, ಪೂರ್ತಿ ಉರಿಯುವವರೆಗೂ ನಿಂತಿದ್ದರು.

ಎಲ್ಲರೂ ಹೋದ ಮೇಲೆ ಅವಳು ಡೈರಿ ತೆಗೆದಳು. ಅದನ್ನಾದರೂ ಪೂಜಾಶ್ರೀಯ ಕೈಗೆ ಕೊಡಬಹುದು, ಮಾತಾಡುವುದೇ ಬೇಡ ಎಂಬ ಆಸೆ. ಭಾನುವಾರದ ಪುಟದಲ್ಲಿ ಹೊಡೆದುಹಾಕಿದ ಸಾಲಿನ ಕೆಳಗೆ ‘ಇವತ್ತು ಮ್ಯಾಚ್ ಇತ್ತು. ತುಂಬಾ ಸೆಕೆ’ ಎಂದು ಮಾತ್ರ ಇತ್ತು. ಬೆಕ್ಕು ಮರಿ ಹಾಕಿದ್ದಕ್ಕೆ ಎರಡು ಪುಟ ತುಂಬಿಸುವವಳು ಆ ಸದ್ದಿನ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಈಗ ಬರೆದರೆ ಅದೂ ಇನ್ನೊಂದು ಖೋಟಾ ಹಾಳೆಯೇ.

ಬುಧವಾರ ಬೆಳಿಗ್ಗೆ ಎಲ್ಲರನ್ನೂ ಸ್ಟೇಷನ್ನಿಗೆ ಕರೆದಿದ್ದರು. ಎ.ಎಸ್.ಐ. ಮಹಾಬಲ ಅವರ ಮೇಜಿನ ಒಂದು ಪಕ್ಕ ಪೂಜಾಶ್ರೀ, ಇನ್ನೊಂದು ಪಕ್ಕ ಯುಜಿನ್ ಅಂಕಲ್, ಸವಿಯೊ, ಎಲ್ವಿಟಾ.

“ತೆಗೆದ್ರು,” ಎಂದಳು ಪೂಜಾಶ್ರೀ, ಯಾರೂ ಕೇಳದಿದ್ದರೂ. “ನಿನ್ನೆ ಸಂಜೆ. ಇವತ್ತು ಬೆಳಿಗ್ಗೆ ಎದ್ದು, ಕಾಲಿನ ಬೆರಳು ತುರಿಸ್ತದೆ ಅಕ್ಕ ಅಂತಾನೆ.”

ಸವಿಯೊ ತನ್ನ ಎರಡು ಪಾದಗಳನ್ನೂ ಕುರ್ಚಿಯ ಅಡಿಗೆ ಎಳೆದುಕೊಂಡ.

ಮಹಾಬಲ ಕನ್ನಡಕ ಏರಿಸಿದರು. “ನೋಡಿ, ಇದರಲ್ಲಿ ನನ್ನ ತಲೆಬಿಸಿ ಒಂದೇ. ಎರಡು ಕಡೆಯವರೂ ಒಪ್ಪಿ ಆಡ್ಲಿಕ್ಕೆ ಇಳಿದದ್ದು. ಆಟ ನಡೀತಾ ಇರುವಾಗ ಚೆಂಡಿಗೆ ಹೋಗಿ ಕಾಲು ಮುರಿದ್ರೆ, ಎಷ್ಟೇ ದೊಡ್ಡ ಪೆಟ್ಟಾಗ್ಲಿ, ನಾನು ಅದನ್ನು ಕೋರ್ಟಿನಲ್ಲಿ ನಿಲ್ಲಿಸುದು ಕಷ್ಟ. ವಿಸಿಲ್ ಆಗಿ ಆಟ ನಿಂತ ಮೇಲೆ ಹೊಡೆದದ್ದಾದ್ರೆ ಅದು ಆಟ ಅಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತವನ ಕಾಲು ಕಡಿದ ಹಾಗೆ.” ಅವರು ಪುಸ್ತಕ ಎಳೆದುಕೊಂಡು ಹಾಳೆ ತಿರುವಿದರು. “ಇದರಲ್ಲಿ ಟ್ಯಾಕಲ್ ಅಂತ ಉಂಟು.”

“ಅದೇ ಸಾರ್,” ಎಂದರು ಯುಜಿನ್ ಅಂಕಲ್.

“ಬೇರೆ ಹಾಳೆಯಲ್ಲೆಲ್ಲ ಕೆಂಪು ಧೂಳಿನ ಬೆರಳಚ್ಚು ಉಂಟು. ಇದೊಂದು ಮದುವೆ ಕಾಗದದ ಹಾಗೆ ಬೆಳ್ಳಗೆ?”

“ಅವಳಿಗೆ ಸ್ವಲ್ಪ ಕ್ಲೀನು ಜಾಸ್ತಿ ಸಾರ್.”

“ನಿಮ್ಮನ್ನು ಕೇಳ್ಲಿಲ್ಲ.” ಮಹಾಬಲ ಎಲ್ವಿಟಾಳ ಕಡೆ ನೋಡಿದರು. “ಇದು ನೀನು ಆಟದ ಹೊತ್ತಿನಲ್ಲೇ ಬರೆದದ್ದಾ ಮಗಳೇ?”

“ಹೌದು ಸಾರ್, ಅವಳದ್ದೇ ಅಕ್ಷರ. ಅವಳು ಮಾತು ಕಡಿಮೆ, ನಾನೇ...” ಎಂದರು ಯುಜಿನ್ ಅಂಕಲ್.

“ಅವಳು ಸಣ್ಣದಿರುವಾಗಲೇ ಹಾಗೆ,” ಎಂದ ಸವಿಯೊ. ನಗಲು ನೋಡಿದ, ತುಟಿಯ ಹೊಲಿಗೆ ಬಿಡಲಿಲ್ಲ.

ಕಾಲೇಜಿನಲ್ಲಿ ಹಾಜರಿ ಕರೆಯುವಾಗ ಎಲ್ವಿಟಾಳ ಧ್ವನಿ ಯಾರಿಗೂ ಕೇಳುತ್ತಿರಲಿಲ್ಲ. “ಇದ್ದಾಳೆ ಸಾರ್” ಎಂದು ಮೂರು ವರ್ಷ ಅವಳ ಪರವಾಗಿ ಕೂಗಿದವಳು ಪೂಜಾಶ್ರೀಯೇ. ಇವತ್ತು ಅವಳು ಬಾಯಿ ಬಿಗಿದು, ಎರಡೂ ಕೈಗಳಿಂದ ಮೇಜಿನ ಅಂಚನ್ನು ಹಿಡಿದು, ಕಾಯುತ್ತಾ ಕೂತಿದ್ದಳು.

ಎಲ್ವಿಟಾಳಿಗೆ ತಮ್ಮನ ಉಸಿರು ಕೇಳಿಸುತ್ತಿತ್ತು. ಅವನ ಭುಜದ ಮೂಳೆ ಮುರಿದಾಗ ಎರಡು ತಿಂಗಳು ಅವನಿಗೆ ಅನ್ನ ಕಲಸಿ ತಿನ್ನಿಸಿದ್ದಳು. ಈಗ ತಾನು ಬಾಯಿ ತೆರೆದರೆ ಅವನು ಈ ಕುರ್ಚಿಯಿಂದ ಎದ್ದು ಮನೆಗೆ ಬರುವುದಿಲ್ಲ. ಬಹುಶಃ ಮತ್ತೆಂದೂ ಆಡುವುದಿಲ್ಲ. ಅಮ್ಮ ಇನ್ನು ತನ್ನೊಡನೆ ಮಾತಾಡುತ್ತಾರೋ ಇಲ್ಲವೋ.

“ಸಹಿ ಹಾಕಿಸ್ಲಾ ಹಾಗಾದ್ರೆ?” ಎಂದು ಮಹಾಬಲ ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದಿಟ್ಟರು.

ಅವಳು ಪೆನ್ನನ್ನು ಮುಟ್ಟಲಿಲ್ಲ. ಎದ್ದು ನಿಂತಳು. ಯುಜಿನ್ ಅಂಕಲ್ “ಕೂತ್ಕೊ ಎಲ್ವಿ” ಎಂದು ಕೈ ಎಳೆದರು. ಅವಳು ಕೈ ಕೊಡವಿಕೊಂಡಳು. ಧ್ವನಿ ಮೊದಲು ಒಡೆಯಿತು, ಆಮೇಲೆ ಪಕ್ಕದ ಕೋಣೆಯವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು.

“ವಿಸಿಲ್ ಆಗಿತ್ತು ಸಾರ್. ಆದ ಮೇಲೆ, ರೆಫರಿ ಬೆನ್ನು ಹಾಕಿದ್ದು ನೋಡಿ, ನನ್ನ ತಮ್ಮ ನಾಲ್ಕು ಹೆಜ್ಜೆ ಓಡಿ ಬಂದು ಹೊಡೆದದ್ದು.”